ಮನೆಯಲ್ಲಿ ಮಾಡಿದ ಹಪ್ಪಳ ಫೋನಿನಲ್ಲಿ ಮಾರುವುದು ಹೇಗೆ

ನಮ್ಮಕ್ಕ ಶಿರಸಿ ಹತ್ತಿರದ ಹಳ್ಳಿಯಲ್ಲಿದ್ದಾಳೆ. ಬೇಸಿಗೆ ಬಂತು ಅಂದ್ರೆ ಅಂಗಳದ ತುಂಬಾ ಹಲಸಿನಕಾಯಿ ಹಪ್ಪಳ, ಜೊತೆಗೆ ಒಂದಷ್ಟು ಅಪ್ಪೆಮಿಡಿ ಉಪ್ಪಿನಕಾಯಿ. ಮೊದಲೆಲ್ಲ ನೂರರ ಕಟ್ಟು ಮಾಡಿ ಪೇಟೆಯ ಅಂಗಡಿಗೆ ಹಾಕಿ ಬರುತ್ತಿದ್ದಳು. ಅವರು ಕೊಟ್ಟಷ್ಟು ರೇಟು, ಅವರು ಕೊಟ್ಟ ದಿನ ದುಡ್ಡು. ಈಗ ನಾಲ್ಕು ವರ್ಷದಿಂದ ಅರ್ಧಕ್ಕಿಂತ ಜಾಸ್ತಿ ಮಾಲು ವಾಟ್ಸಾಪ್‌ನಲ್ಲೇ ಹೋಗುತ್ತಿದೆ, ಬೆಂಗಳೂರಿಗೆ, ಮೈಸೂರಿಗೆ, ಹುಬ್ಬಳ್ಳಿಗೆ.

ಶುರುವಿನಲ್ಲಿ ನಾನೂ ಎಲ್ಲರ ಹಾಗೆ, ಆನ್‌ಲೈನ್ ಅಂದ್ರೆ ವೆಬ್‌ಸೈಟ್, ಲೋಗೋ, ಇನ್‌ಸ್ಟಾಗ್ರಾಮ್ ಅಂದುಕೊಂಡಿದ್ದೆ. ಅದ್ಯಾವುದೂ ಅಷ್ಟು ಮುಖ್ಯ ಆಗಲಿಲ್ಲ. ಪೇಟೆಯ ಅಂಗಡಿಯವನು ನಮ್ಮ ಪರವಾಗಿ ಸುಮಾರು ಕೆಲಸ ಮಾಡುತ್ತಿದ್ದ, ನಮಗೆ ಕಾಣುತ್ತಿರಲಿಲ್ಲ ಅಷ್ಟೇ. ಗಿರಾಕಿ ಹುಡುಕುತ್ತಿದ್ದ, ಮುರಿದ ಹಪ್ಪಳದ ನಷ್ಟ ನುಂಗುತ್ತಿದ್ದ, ಉದ್ರಿ ವಸೂಲಿ ಮಾಡುತ್ತಿದ್ದ, ಟ್ಯಾಕ್ಸ್ ಲೆಕ್ಕ ನೋಡಿಕೊಳ್ಳುತ್ತಿದ್ದ. ಇಂಟರ್ನೆಟ್ ಬಂದು ಮೊದಲನೇ ಕೆಲಸ ಮಾತ್ರ ಹಗುರ ಮಾಡಿತು. ಉಳಿದದ್ದೆಲ್ಲ ಅಕ್ಕನ ತಲೆ ಮೇಲೆ ಬಂತು. ಹಾಗಾಗಿ ಮನೆಯಿಂದ ಏನಾದರೂ ಮಾರಬೇಕು ಅಂತಿದ್ದರೆ, ಫೋಟೋದಿಂದ ಶುರು ಮಾಡಬೇಡಿ. ಲೆಕ್ಕದಿಂದ ಶುರು ಮಾಡಿ.

ಮೊದಲು ಬೇರೆ ಖಾತೆ

ವ್ಯಾಪಾರಕ್ಕೆ ಅಂತಲೇ ಒಂದು ಬ್ಯಾಂಕ್ ಖಾತೆ ತೆರೆಯಿರಿ. ಮನೆಖರ್ಚಿನ ಖಾತೆಯ ಕ್ಯೂಆರ್ ಕೋಡನ್ನೇ ಗಿರಾಕಿಗೆ ಕಳಿಸಬೇಡಿ. ಯುಪಿಐ ಶುರುವಾದದ್ದು 2016ರಲ್ಲಿ, 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಗಳು ಎಂಡಿಆರ್ ಅನ್ನೋ ಕಮಿಷನ್ನನ್ನೂ ಕೊಡಬೇಕಿಲ್ಲ. ಹಾಗಾಗಿ ಎಲ್ಲರೂ ಹಿಂದೆಮುಂದೆ ನೋಡದೆ ಸ್ಟಿಕ್ಕರ್ ಅಂಟಿಸಿದರು. ಪ್ರತಿ ಹತ್ತು ರೂಪಾಯಿಗೂ ದಾಖಲೆ ಉಳಿಯುತ್ತದೆ ಅನ್ನೋದು ತುಂಬಾ ಜನರಿಗೆ ಹೊಳೆದದ್ದು 2025ರ ಜುಲೈನಲ್ಲಿ. ಆಗ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿಕೊಂಡು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನ ಅಂಗಡಿಗಳಲ್ಲಿ ರಾತ್ರೋರಾತ್ರಿ ಕ್ಯೂಆರ್ ಕಿತ್ತು 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ಚೀಟಿ ಅಂಟಿಸಿದ್ದು ನೆನಪಿದೆ ಅಲ್ವಾ?

ಕ್ಯೂಆರ್ ಕೀಳೋದು ಪರಿಹಾರ ಅಲ್ಲ ಅಂತ ನನ್ನ ಅಭಿಪ್ರಾಯ, ಗಿರಾಕಿ ಹತ್ರ ಈಗ ಚಿಲ್ಲರೆನೇ ಇರಲ್ಲ. ತೊಂದರೆ ಬರೋದು ಒಂದೇ ಖಾತೆಗೆ ಎಲ್ಲ ಬಿದ್ದಾಗ: ತಮ್ಮ ಕಳಿಸಿದ ದುಡ್ಡು, ಚೀಟಿ ಎತ್ತಿದ್ದು, ಅಡಿಕೆ ಮಾರಿದ್ದು, ಯಾರೋ ತೀರಿಸಿದ ಕೈಗಡ, ಎಲ್ಲಾ ಸೇರಿ ಹೊರಗಿನಿಂದ ನೋಡುವವರಿಗೆ ಹಪ್ಪಳದ ವ್ಯಾಪಾರದ ಹಾಗೇ ಕಾಣುತ್ತದೆ. ನಮ್ಮ ರಾಜ್ಯದಲ್ಲಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಇದು ಲಾಭದ ಲೆಕ್ಕ ಅಲ್ಲ, ಒಟ್ಟು ಮಾರಾಟದ ಲೆಕ್ಕ. ಅಕ್ಕನ ವ್ಯಾಪಾರ ಅದರ ಹತ್ತಿರಕ್ಕೂ ಹೋಗಿಲ್ಲ. ಆದರೂ ಖಾತೆ ಬೇರೆ ಇರುವುದರಿಂದ, ಯಾರಾದರೂ ಕೇಳಿದರೆ ಸ್ಟೇಟ್‌ಮೆಂಟ್ ಮುಂದಿಟ್ಟು ಸುಮ್ನೆ ಕೂರಬಹುದು.

ಜೊತೆಗೆ ಒಂದು ನೋಟ್‌ಬುಕ್ ಇಡಿ. ಎಕ್ಸೆಲ್ ಗೊತ್ತಿದ್ದರೆ ಎಕ್ಸೆಲ್, ಇಲ್ಲದಿದ್ದರೆ 200 ಪುಟದ ಪುಸ್ತಕವೇ ಸಾಕು. ತಾರೀಖು, ಹೆಸರು, ಊರು, ಏನು, ಎಷ್ಟು. ಹಪ್ಪಳಕ್ಕೂ ಉಪ್ಪಿನಕಾಯಿಗೂ ಬೇರೆ ಬೇರೆ ಕಾಲಂ ಹಾಕಿ. ಯಾಕೆ ಅಂದ್ರೆ ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಇದೆ. ಮತ್ತೊಂದು ವಿಷಯ, ಇದನ್ನ ಯಾರೂ ಹೇಳಲ್ಲ: ತೆರಿಗೆ ಇರುವ ವಸ್ತುವನ್ನ ಬೇರೆ ರಾಜ್ಯಕ್ಕೆ ಮಾರಿದರೆ, 40 ಲಕ್ಷ ಆಗಲಿ ಬಿಡಲಿ, ನೋಂದಣಿ ಬೇಕು. ಅಂದ್ರೆ ಮುಂಬೈಯ ಗಿರಾಕಿಗೆ ಹಪ್ಪಳ ಕಳಿಸಬಹುದು, ಉಪ್ಪಿನಕಾಯಿ ಮಾರುವ ಮೊದಲು ಊರಿನ ಟ್ಯಾಕ್ಸ್ ನೋಡುವವರನ್ನ ಒಂದು ಮಾತು ಕೇಳಿ. ಅಕ್ಕ ಸದ್ಯಕ್ಕೆ ಉಪ್ಪಿನಕಾಯಿಯನ್ನ ರಾಜ್ಯದೊಳಗೇ ಇಟ್ಟುಕೊಂಡಿದ್ದಾಳೆ. ಮುಂಬೈಯಲ್ಲಿರುವ ಅತ್ತಿಗೆಯ ಗೆಳತಿಯರಿಗೆ ಬೇಜಾರು, ಏನು ಮಾಡೋದು.

ತಿನ್ನುವ ವಸ್ತು ಆದ್ದರಿಂದ ಎಫ್‌ಎಸ್‌ಎಸ್‌ಎಐ, ಅಂದ್ರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯೂ ಬೇಕು. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು, ಸಿಗುವ 14 ಅಂಕಿಯ ನಂಬರನ್ನ ಲೇಬಲ್ ಮೇಲೆ ಹಾಕಿಸಿ. ಲೇಬಲ್ ಮೇಲೆ ಪದಾರ್ಥಗಳು, ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ನಿಮ್ಮ ವಿಳಾಸ, ಸಸ್ಯಾಹಾರದ ಹಸಿರು ಚುಕ್ಕೆ, ಇಷ್ಟು ಇರಲೇಬೇಕು. 'ಮನೆಯಲ್ಲಿ ಮಾಡಿದ್ದು, ಲೇಬಲ್ ಯಾಕೆ' ಅನ್ನುವವರಿದ್ದಾರೆ. ದುಡ್ಡು ತಗೊಂಡ ಮೇಲೆ ಅದು ಮನೆಯದಲ್ಲ, ಮಾಲು.

ಫೋನು

ವ್ಯಾಪಾರಕ್ಕೆ ಬೇರೆ ಸಿಮ್ ಹಾಕಿ, ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಇಳಿಸಿಕೊಳ್ಳಿ. ಪುಕ್ಕಟೆ ಸಿಗುತ್ತದೆ. ಮಾಮೂಲಿ ವಾಟ್ಸಾಪ್‌ಗಿಂತ ಅದರಲ್ಲಿ ಮೂರು ಅನುಕೂಲ ನಮಗೆ ನಿಜವಾಗಿ ಉಪಯೋಗಕ್ಕೆ ಬಂದವು. ಒಂದು ಕ್ಯಾಟಲಾಗ್, ಅದರಲ್ಲಿ ಪ್ರತಿ ವಸ್ತುವಿನ ಫೋಟೋ ಮತ್ತು ರೇಟು ಹಾಕಿಡಬಹುದು. ಇನ್ನೊಂದು ಲೇಬಲ್, ಆರ್ಡರ್ ಬಂತು, ದುಡ್ಡು ಬಂತು, ಪಾರ್ಸೆಲ್ ಹೋಯಿತು ಅಂತ ಚಾಟ್‌ಗಳಿಗೆ ಬಣ್ಣದ ಪಟ್ಟಿ ಹಚ್ಚಿಕೊಳ್ಳಬಹುದು. ಮತ್ತೆ, ರಾತ್ರಿ ಹನ್ನೊಂದಕ್ಕೆ 'ಅಕ್ಕಾ ಹಪ್ಪಳ ಇದ್ಯಾ' ಅಂತ ಕೇಳುವವರಿಗೆ ತಾನಾಗೇ ಉತ್ತರ ಹೋಗುವ ಹಾಗೆ ಇಡಬಹುದು. ಇದೊಂದರಿಂದ ಅಕ್ಕನಿಗೆ ನಿದ್ದೆ ವಾಪಸ್ ಸಿಕ್ಕಿತು.

ರೇಟು ಬಚ್ಚಿಡಬೇಡಿ. 'ರೇಟಿಗೆ ಮೆಸೇಜ್ ಮಾಡಿ' ಅಂತ ಬರೆದರೆ ಅರ್ಧ ಜನ ಅಲ್ಲಿಗೇ ಬಿಟ್ಟು ಹೋಗುತ್ತಾರೆ, ನಾನಂತೂ ಹೋಗುತ್ತೇನೆ. ಫೋಟೋ ಬೆಳಗಿನ ಬೆಳಕಿನಲ್ಲಿ ತೆಗೆಯಿರಿ, ಹಸಿ ಹಪ್ಪಳದ ಪಕ್ಕ ಕರಿದದ್ದು ಇಡಿ, ಅಳತೆ ತಿಳಿಯಲು ಕೈಯೂ ಕಾಣಲಿ. ಧ್ವನಿ ಮೆಸೇಜ್‌ನಲ್ಲಿ ಆರ್ಡರ್ ಬಂದರೆ ಕೇಳಿ ಸುಮ್ಮನಾಗಬೇಡಿ, 'ಹಪ್ಪಳ 200, ಖಾರದ್ದು, ಮಂಗಳವಾರ ಕಳಿಸುವುದು' ಅಂತ ತಿರುಗಿ ಬರೆದು ಹೂಂ ಅನ್ನಿಸಿಕೊಳ್ಳಿ. ಒಮ್ಮೆ ಖಾರ ಕೇಳಿದವರಿಗೆ ಸಪ್ಪೆ ಹೋಗಿ, ತಪ್ಪು ಯಾರದು ಅಂತ ಅರ್ಧ ದಿನ ಚರ್ಚೆ ನಡೆದಿತ್ತು.

ಎಲ್ಲರಿಗೂ ಒಟ್ಟಿಗೆ ಸುದ್ದಿ ಕಳಿಸಲು ಗ್ರೂಪ್ ಮಾಡಬೇಡಿ, ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ, ಒಂದೇ ಮೆಸೇಜ್ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಗ್ರೂಪಿನಲ್ಲಿ ಒಬ್ಬರು 'ಈ ಸಲ ದಪ್ಪ ಇತ್ತು' ಅಂದರೆ ಎಲ್ಲರಿಗೂ ದಪ್ಪ ಅನ್ನಿಸಲು ಶುರುವಾಗುತ್ತದೆ. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುತ್ತದೆ. ಅದಕ್ಕೆ ಮೊದಲ ಪಾರ್ಸೆಲ್ ಒಳಗೇ ಒಂದು ಚೀಟಿ ಹಾಕಿ: ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ಮಾಲು ಬಂದಾಗ ತಿಳಿಸುತ್ತೇವೆ.

ರಸ್ತೆ ಬದಿ ಅಂಗಡಿಯೂ ಇದ್ದರೆ ಗೂಗಲ್ ಮ್ಯಾಪ್‌ನಲ್ಲಿ ಸೇರಿಸಿ, ಕನ್ನಡ ಇಂಗ್ಲಿಷ್ ಎರಡರಲ್ಲೂ ಹೆಸರು ಸಿಗುವ ಹಾಗೆ ನೋಡಿಕೊಳ್ಳಿ. ಅಷ್ಟು ಸಾಕು.

ದುಡ್ಡು ಮೊದಲು. ಪರಿಚಯದವರಿಗೆ ಬೇಕಾದರೆ ಉದ್ರಿ ಕೊಡಿ, ಅದು ನಿಮ್ಮ ಧೈರ್ಯ. ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಳಿಸಬೇಡಿ, ಖಾತೆಗೆ ಬಂದಿದೆಯಾ ನೋಡಿ. ದುಡ್ಡು ಬರಲು ಪಿನ್ ಒತ್ತುವ ಅಗತ್ಯ ಯಾವತ್ತೂ ಇಲ್ಲ, ಇದನ್ನ ಮನೆಯಲ್ಲಿ ಫೋನ್ ಹಿಡಿಯುವ ಎಲ್ಲರಿಗೂ ಬಾಯಿಪಾಠ ಮಾಡಿಸಿ. ಅಕ್ಕನಿಗೂ ಒಂದು ಫೋನ್ ಬಂದಿತ್ತು. ಮಿಲಿಟರಿಯವನಂತೆ, ಕ್ಯಾಂಪಿಗೆ ಸಾವಿರ ಹಪ್ಪಳ ಬೇಕಂತೆ, ರೇಟು ಕೂಡ ಕೇಳಲಿಲ್ಲ, 'ಕ್ಯೂಆರ್ ಕಳಿಸ್ತೀನಿ, ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ' ಅಂದನಂತೆ. ಚೌಕಾಸಿ ಮಾಡದ ಗಿರಾಕಿ ಅಂತಲೇ ಅವಳಿಗೆ ಅನುಮಾನ ಬಂದು ಫೋನ್ ಇಟ್ಟಳು. ಅಕಸ್ಮಾತ್ ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪಾರ್ಸೆಲ್, ಅಸಲಿ ಕೆಲಸ ಇದೇ

ಮೊದಲನೇ ವರ್ಷ ನಾವು ಒಂದೇ ಡಬ್ಬದಲ್ಲಿ ಹಪ್ಪಳವನ್ನೂ ಗಾಜಿನ ಬಾಟಲಿಯ ಉಪ್ಪಿನಕಾಯಿಯನ್ನೂ ಹಾಕಿ ಕಳಿಸಿದೆವು. ಬೆಂಗಳೂರಿನಲ್ಲಿ ತೆರೆದವರು ಫೋಟೋ ಕಳಿಸಿದರು: ಬಾಟಲಿ ಒಡೆದಿರಲಿಲ್ಲ, ಮುಚ್ಚಳದಿಂದ ರಸ ಸೋರಿ ಕೆಳಗಿನ 100 ಹಪ್ಪಳ ನೆಂದು ಮುದ್ದೆಯಾಗಿತ್ತು. ಕೊರಿಯರ್‌ನವರು ದ್ರವ ಪದಾರ್ಥಕ್ಕೆ ನಾವು ಹೊಣೆ ಅಲ್ಲ ಅಂದರು, ರಸೀದಿಯ ಹಿಂದೆ ಸಣ್ಣಕ್ಷರದಲ್ಲಿ ಹಾಗೇ ಇತ್ತು. ದುಡ್ಡು ವಾಪಸ್ ಕೊಟ್ಟೆವು.

ಈಗ ಎರಡನ್ನೂ ಒಟ್ಟಿಗೆ ಕಳಿಸುವುದೇ ಇಲ್ಲ. ಉಪ್ಪಿನಕಾಯಿಯನ್ನ ಆಹಾರಕ್ಕೆ ಅಂತಲೇ ಬರುವ ದಪ್ಪ ಪೌಚಿನಲ್ಲಿ ಹಾಕಿ, ಕೈ ಸೀಲಿಂಗ್ ಮಷಿನ್‌ನಲ್ಲಿ ಎರಡು ಸಾಲು ಸೀಲ್ ಮಾಡಿ, ಇನ್ನೊಂದು ಪೌಚಿನೊಳಗೆ ಇಡುತ್ತಾಳೆ. ಪೂರ್ತಿ ತುಂಬಿಸಲ್ಲ. ಹಿಂದಿನ ರಾತ್ರಿ ಪೌಚನ್ನ ಪೇಪರ್ ಮೇಲೆ ಬೋರಲು ಹಾಕಿ, ಮೇಲೆ ಒಂದು ತೂಕ ಇಟ್ಟು ಮಲಗುತ್ತಾಳೆ. ಬೆಳಿಗ್ಗೆ ಪೇಪರ್ ಮೇಲೆ ಎಣ್ಣೆ ಕಲೆ ಇಲ್ಲ ಅಂದ್ರೆ ಪಾಸ್.

ಹಪ್ಪಳದ ಕಥೆ ಬೇರೆ. ಅದು ಹಗುರ, ಹಾಗಾಗಿ ಕಳಿಸಲು ಅಗ್ಗ ಅಂದುಕೊಂಡಿದ್ದೆವು. ಹೆಚ್ಚಿನ ಕೊರಿಯರ್‌ನವರು ತಕ್ಕಡಿಯ ತೂಕ ಮತ್ತು ಡಬ್ಬದ ಅಳತೆಯ ತೂಕ ಎರಡನ್ನೂ ನೋಡಿ, ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಲೆಕ್ಕ. ನಾವು ಮೊದಲು ಬಳಸಿದ ಡಬ್ಬ 30, 30, 20 ಇತ್ತು, ಒಳಗೆ ಒಂದು ಕೆಜಿ ಚಿಲ್ಲರೆ ಹಪ್ಪಳ. ಬಿಲ್ ಬಿದ್ದದ್ದು 3.6 ಕೆಜಿ ಲೆಕ್ಕದಲ್ಲಿ! ಗಾಳಿಗೆ ದುಡ್ಡು ಕಟ್ಟಿದ ಹಾಗಾಯಿತು. ಈಗ ಹಪ್ಪಳವನ್ನ ಒಂದರ ಮೇಲೊಂದು ಪೇರಿಸಿ 18, 18, 25ರ ಡಬ್ಬದಲ್ಲಿ ಇಡುತ್ತೇವೆ, ಅದು 1.62 ಕೆಜಿ ಆಗುತ್ತದೆ. ಬಿಗಿಯಾಗಿ ಕೂರುವುದರಿಂದ ಮುರಿಯುವುದೂ ಕಮ್ಮಿ. ಮೇಲೆ ಕೆಳಗೆ ರಟ್ಟಿನ ಬಿಲ್ಲೆ, ಸುತ್ತ ಹಳೇ ಪೇಪರ್, ಅಲ್ಲಾಡಿಸಿದರೆ ಸದ್ದು ಬರಬಾರದು.

ಶುಕ್ರವಾರ, ಶನಿವಾರ ಪಾರ್ಸೆಲ್ ಹಾಕಬೇಡಿ, ಭಾನುವಾರ ಯಾವುದೋ ಗೋಡೌನಿನಲ್ಲಿ ಬಿದ್ದಿರುತ್ತದೆ. ಮಳೆಗಾಲದಲ್ಲಿ ಕಳಿಸುವ ಹಪ್ಪಳವನ್ನ ಬಿಸಿಲು ಕಂಡ ದಿನ ಇನ್ನೊಮ್ಮೆ ಒಣಗಿಸಿ ಸೀಲ್ ಮಾಡಿ. ಅಂಚೆ ಕಚೇರಿಯ ಸ್ಪೀಡ್ ಪೋಸ್ಟ್ ದರವನ್ನೂ, ಸರ್ಕಾರಿ ಬಸ್ಸಿನ ಕಾರ್ಗೋ ದರವನ್ನೂ ಕೇಳಿ ನೋಡಿ. ಬಸ್ಸಿನಲ್ಲಿ ಹಾಕಿದರೆ ಗಿರಾಕಿ ನಿಲ್ದಾಣಕ್ಕೆ ಬಂದು ಬಿಡಿಸಿಕೊಳ್ಳಬೇಕು, ಎಲ್ಲರೂ ಒಪ್ಪಲ್ಲ.

ರೇಟು ಇಡುವಾಗ ನಾವು ಮಾಡಿದ ತಪ್ಪು ಹೇಳುತ್ತೇನೆ. ಪೇಟೆ ಅಂಗಡಿ ನೂರಕ್ಕೆ 300 ಕೊಡುತ್ತಿತ್ತು. ಅಕ್ಕ 500 ಇಟ್ಟಳು, ಕೊರಿಯರ್ ಖರ್ಚು ಗಿರಾಕಿದೇ. ಕೈಗೆ 200 ಜಾಸ್ತಿ ಅಂತ ಖುಷಿ. ಆಮೇಲೆ ಕೂತು ಬರೆದರೆ ಡಬ್ಬ 25, ಪೌಚು ಲೇಬಲ್ಲು 12, ಪೇಟೆಗೆ ಹೋಗಿಬರುವ ಬಸ್ ಚಾರ್ಜಿನ ಪಾಲು 20, ಮುರಿದದ್ದಕ್ಕೆ ಬದಲಿ ಕೊಟ್ಟದ್ದನ್ನ ಎಲ್ಲಾ ಪಾರ್ಸೆಲ್‌ಗಳಿಗೆ ಹಂಚಿದರೆ 30. ಉಳಿದದ್ದು 113. ದಿನಕ್ಕೆ ಎರಡು ಗಂಟೆ ಫೋನ್ ಹಿಡಿದು ಕೂತದ್ದಕ್ಕೆ ಕೂಲಿ ಹಾಕಿಲ್ಲ. ಆದರೂ ಅಂಗಡಿಗಿಂತ ವಾಸಿ. ನಿಮ್ಮ ವಸ್ತುವಿಗೂ ಹೀಗೆ ಒಮ್ಮೆ ಬರೆದು ನೋಡಿ, ಕೆಲವು ವಸ್ತು ಅಂಗಡಿಗೆ ಹಾಕುವುದೇ ಲಾಭ ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಸಂಡಿಗೆ ಹಾಗೇ ಆಯಿತು, ಎಷ್ಟು ಜೋಪಾನ ಮಾಡಿದರೂ ಪುಡಿ. ಅದು ಈಗಲೂ ಪೇಟೆಗೇ ಹೋಗುತ್ತದೆ.

ದೊಡ್ಡ ಆ್ಯಪ್‌ಗಳು

ಅಮೆಜಾನ್, ಫ್ಲಿಪ್‌ಕಾರ್ಟ್ ಥರದ ಆ್ಯಪ್‌ಗಳಲ್ಲಿ ಮಾರುವುದನ್ನ ಕೊನೆಗೆ ನೋಡಿ. 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ವ್ಯಾಪಾರಿಗಳೂ ತಮ್ಮ ರಾಜ್ಯದೊಳಗೆ ಇಂಥ ಆ್ಯಪ್‌ಗಳ ಮೂಲಕ ಸರಕು ಮಾರಬಹುದು, ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ಪಡೆಯಬೇಕು ಅಷ್ಟೇ. ದಾರಿ ಇದೆ. ಆದರೆ ಅಲ್ಲಿ ಕಮಿಷನ್ ಇದೆ, ಸಾಗಣೆಯ ಖರ್ಚಿದೆ, ವಾಪಸ್ ಬಂದ ಮಾಲಿದೆ. ಬಟ್ಟೆ ವಾಪಸ್ ಬಂದರೆ ಇಸ್ತ್ರಿ ಮಾಡಿ ಇನ್ನೊಬ್ಬರಿಗೆ ಮಾರಬಹುದು, ಎರಡು ಸಲ ಲಾರಿ ಹತ್ತಿ ಇಳಿದ ಹಪ್ಪಳವನ್ನ ಯಾರಿಗೆ ಮಾರುತ್ತೀರಿ? ಗಿರಾಕಿಯ ಹೆಸರು ನಂಬರು ಕೂಡ ನಿಮ್ಮ ಕೈಗೆ ಸಿಗಲ್ಲ, ಮುಂದಿನ ಬೇಸಿಗೆಯಲ್ಲಿ ಅವರಿಗೆ ನೀವಾಗಿ ಸುದ್ದಿ ಮುಟ್ಟಿಸಲು ಆಗಲ್ಲ.

ಮಾಲು ಮುಗಿದ ದಿನವೇ ಕ್ಯಾಟಲಾಗ್‌ನಲ್ಲಿ ಆ ವಸ್ತುವನ್ನ ಮರೆ ಮಾಡಿ, ಮರೆಯಬೇಡಿ. ಕಳೆದ ವರ್ಷ ಹಲಸಿನಕಾಯಿ ಬಲಿತು ಹಣ್ಣಾದ ಮೇಲೂ ಹಪ್ಪಳದ ಫೋಟೋ ಹಾಗೇ ಇತ್ತು, ಜನ ದುಡ್ಡು ಹಾಕಿಬಿಟ್ಟರು. ಒಬ್ಬೊಬ್ಬರಿಗೇ ಫೋನ್ ಮಾಡಿ ವಾಪಸ್ ಕಳಿಸುವಷ್ಟರಲ್ಲಿ ಅಕ್ಕನಿಗೆ ಸಾಕುಬೇಕಾಯಿತು. ಈಗ ಮಳೆ ಹಿಡಿದ ಕೂಡಲೇ ತಾನಾಗೇ ಹೋಗುವ ಉತ್ತರವನ್ನ ಬದಲಾಯಿಸುತ್ತಾಳೆ: 'ಈ ವರ್ಷದ ಹಪ್ಪಳ ಮುಗಿದಿದೆ. ಹೆಸರು ಬರೆಸಿಡಿ, ಮುಂದಿನ ಬೇಸಿಗೆಯಲ್ಲಿ ಮೊದಲು ನಿಮಗೇ.' ಮೊನ್ನೆ ನೋಡಿದಾಗ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ 41 ಹೆಸರಿದ್ದವು.