ಖಾಲಿ ಜಾಗ ಕಂಡ ವಾರವೇ ಹೋಗಿ ನೋಡಿ: ಯೆಹೂದಿ ಸಭೆಯಲ್ಲಿ ಬಿಕೂರ್ ಖೋಲಿಮ್ ನಡೆಸುವ ಬಗೆ

ಕಾಯಿಲೆ ಬಿದ್ದವರನ್ನು ಹೋಗಿ ನೋಡಿಕೊಂಡು ಬರುವುದಕ್ಕೆ ಹೀಬ್ರೂವಿನಲ್ಲಿ ಬಿಕೂರ್ ಖೋಲಿಮ್ ಎನ್ನುತ್ತಾರೆ. ಯೆಹೂದಿಗಳ ಪಾಲಿಗೆ ಇದು ಮಿತ್ಸ್ವಾ, ಅಂದರೆ ತಪ್ಪಿಸಲಾಗದ ಧರ್ಮಕಾರ್ಯ. ಮುಂಬಯಿ, ಠಾಣೆ ಮತ್ತು ಕೊಂಕಣದಲ್ಲಿರುವ, ಮರಾಠಿ ಮಾತಾಡುವ ಯೆಹೂದಿಗಳಾದ ಬೆನೆ ಇಸ್ರೇಲ್ ಜನರ ಸಭೆಗಳ ಮೇಲೆ ಈ ಹೊಣೆ ಈಗ ಇನ್ನೂ ಭಾರವಾಗಿ ಬಿದ್ದಿದೆ. 1948ರ ನಂತರ ಸಾವಿರಾರು ಜನ ಇಸ್ರೇಲಿಗೆ ಹೋಗಿ ನೆಲೆಸಿದರು. ಇಲ್ಲೇ ಉಳಿದ ಹಿರಿಯರಲ್ಲಿ ಎಷ್ಟೋ ಮಂದಿಗೆ ಮಕ್ಕಳು ಅಲ್ಲಿ, ಮಾತ್ರೆಯ ಡಬ್ಬಿ ಇಲ್ಲಿ.

ಕೆಲಸ ಶುರುವಾಗುವುದು ಪ್ರಾರ್ಥನಾ ಮಂದಿರವಾದ ಸಿನಗಾಗಿನಲ್ಲೇ. ದಿನಾ ಪ್ರಾರ್ಥನೆಗೆ ಬರುವವನು ಒಂದು ದಿನ ಬಾರದಿದ್ದರೆ ದೇವರೇ ಅವನನ್ನು ವಿಚಾರಿಸುತ್ತಾನೆ ಎಂಬ ಮಾತು ಯೆಹೂದಿಗಳ ಹಳೆಯ ಧರ್ಮಗ್ರಂಥವಾದ ತಾಲ್ಮುಡ್‌ನಲ್ಲಿದೆ. ಹಾಗೆ ವಿಚಾರಿಸುವ ಕೆಲಸವನ್ನು ಇಬ್ಬರಿಗೆ ವಹಿಸಿ. ಒಬ್ಬರು ಗಂಡಸರ ಕಡೆ, ಇನ್ನೊಬ್ಬರು ಹೆಂಗಸರ ಕಡೆ ಯಾರು ಬಂದಿಲ್ಲ ಎಂದು ನೋಡಲಿ. ಹೆಂಗಸರು ಬೇರೆ ಕೂರುವ ಕಡೆ ಈ ಎರಡನೆಯವರನ್ನು ನೇಮಿಸದಿದ್ದರೆ ಒಂಟಿಯಾಗಿರುವ ಅಜ್ಜಿಯರು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಹೋಗುತ್ತಾರೆ. ಶಬ್ಬಾತ್‌ನಂದು (ವಾರದ ವಿಶ್ರಾಂತಿಯ ದಿನ) ಏನನ್ನೂ ಬರೆಯುವಂತಿಲ್ಲ, ನೆನಪಿಟ್ಟುಕೊಂಡು ಶನಿವಾರ ಕತ್ತಲಾದ ಮೇಲೆ ಬರೆದುಕೊಳ್ಳಿ, ಆ ರಾತ್ರಿಯೇ ಫೋನ್ ಮಾಡಿ. ಫೋನ್ ಎತ್ತದಿದ್ದರೆ ಮರುದಿನ ಬಾಗಿಲು ತಟ್ಟಿ. ಮೊದಲಿನಿಂದಲೂ ಸಿನಗಾಗಿಗೆ ಬರಲಾಗದವರ ಬೇರೆ ಪಟ್ಟಿಯನ್ನು ಒಂದು ಪುಸ್ತಕದಲ್ಲಿ ಇಡಿ. ಹೆಸರು, ತಾಯಿಯ ಹೆಸರು, ಎಷ್ಟನೇ ಮಹಡಿ, ಲಿಫ್ಟ್ ಇದೆಯೇ, ಇನ್ನೊಂದು ಬೀಗದ ಕೈ ಯಾರ ಬಳಿ, ಪಥ್ಯವೇನು, ಮಕ್ಕಳ ಫೋನ್ ನಂಬರ್, ಇಷ್ಟು ಆ ಪುಸ್ತಕದಲ್ಲಿರಬೇಕು. ಪುಸ್ತಕ ಒಬ್ಬರ ಕೈಯಲ್ಲೇ ಇರಲಿ. ಯಾರ ಕಾಯಿಲೆ ಏನೆಂಬುದು ಊರ ಮಾತಾಗಬಾರದು.

ಯಾವಾಗ ಹೋಗಬೇಕು ಎಂಬುದಕ್ಕೆ ಹಳೆಯ ಕ್ರಮವಿದೆ. ಕಾಯಿಲೆ ಮೆಲ್ಲಗೆ ಶುರುವಾದರೆ ನೆಂಟರು, ಆಪ್ತರು ಕೂಡಲೇ ಹೋಗುತ್ತಾರೆ, ಉಳಿದವರು ಮೂರು ದಿನ ಕಳೆದ ಮೇಲೆ. ಹಠಾತ್ತನೆ ಬಿದ್ದವರ ಬಳಿಗೆ ಎಲ್ಲರೂ ಕೂಡಲೇ ಹೋಗಬಹುದು. ದಿನದ ಮೊದಲ ಮೂರು ಗಂಟೆ ಮತ್ತು ಕೊನೆಯ ಮೂರು ಗಂಟೆ ಬೇಡ ಎನ್ನುತ್ತದೆ ತಾಲ್ಮುಡ್. ಬೆಳಿಗ್ಗೆ ರೋಗಿ ಗೆಲುವಾಗಿ ಕಾಣುವುದರಿಂದ ಬಂದವರು ಪ್ರಾರ್ಥನೆಯನ್ನೇ ಮರೆಯುತ್ತಾರೆ, ಸಂಜೆ ಕಾಯಿಲೆ ಬಿಗಿಯಾಗಿ ಕಂಡು ಆಸೆ ಬಿಡುತ್ತಾರೆ. ಆರೂವರೆಗೆ ಸೂರ್ಯೋದಯ, ಆರೂವರೆಗೆ ಸೂರ್ಯಾಸ್ತ ಎಂದಿಟ್ಟುಕೊಂಡರೆ ಒಂಬತ್ತೂವರೆಯಿಂದ ಮೂರೂವರೆಯವರೆಗಿನ ಸಮಯ ಸಿಗುತ್ತದೆ. ಆಸ್ಪತ್ರೆ ಸಂಜೆ ಮಾತ್ರ ಒಳಗೆ ಬಿಡುವುದಾದರೆ ಸಂಜೆಯೇ ಹೋಗಿ. ಈ ನೆಪದಲ್ಲಿ ಭೇಟಿ ತಪ್ಪಿಸಬೇಡಿ.

ಇಬ್ಬರಿಗಿಂತ ಹೆಚ್ಚು ಜನ ಬೇಡ, ಹತ್ತು ಹದಿನೈದು ನಿಮಿಷ ಸಾಕು. ರೋಗಿ ನೆಲದ ಮೇಲಿನ ಹಾಸಿಗೆಯಲ್ಲಿದ್ದರೆ ನೀವೂ ಕೆಳಗೇ ಕೂರಿ. ರೋಗಿಯ ತಲೆಯ ಮೇಲೆ ದೇವರ ಸಾನ್ನಿಧ್ಯವಿದೆ, ಅದಕ್ಕಿಂತ ಎತ್ತರದಲ್ಲಿ ಕೂರಬಾರದು ಎಂಬುದು ನಂಬಿಕೆ. ಮಂಚದ ಮೇಲಿದ್ದರೆ ಕುರ್ಚಿ ಆಗುತ್ತದೆ. ಹೊಟ್ಟೆಯ ಕಾಯಿಲೆ ಇರುವವರಿಗೆ ಮುಜುಗರ, ತಲೆನೋವು ಮತ್ತು ಕಣ್ಣುಬೇನೆ ಇರುವವರಿಗೆ ಮಾತು ಭಾರ. ಅಂಥವರ ಕೋಣೆಗೆ ಹೋಗದೆ, ಹೊರಗೇ ನಿಂತು ಏನು ಬೇಕೆಂದು ಮನೆಯವರನ್ನು ಕೇಳಿ, ಅಲ್ಲೇ ಪ್ರಾರ್ಥಿಸಿ. ರೋಗಿಯೊಡನೆ ಹಗೆ ಇರುವವರನ್ನು ಕಳಿಸಬೇಡಿ, ತನ್ನ ಕಷ್ಟ ನೋಡಿ ಖುಷಿಪಡಲು ಬಂದರೆಂದು ನೊಂದುಕೊಂಡಾರು. ಆಪ್ತರು ತೀರಿಕೊಂಡ ಸುದ್ದಿಯನ್ನು ಹಾಸಿಗೆಯ ಬಳಿ ಎತ್ತಲೇಬಾರದು.

ಹಿಂದಿನ ಕಾಲದ ರಬ್ಬಿ (ಯೆಹೂದಿ ಧರ್ಮಗುರು) ಅಕಿವಾ ಕಾಯಿಲೆಯ ಶಿಷ್ಯನನ್ನು ನೋಡಲು ಹೋದಾಗ ನೆಲ ಗುಡಿಸಿ ನೀರು ಚಿಮುಕಿಸಲಾಯಿತು, ‘ನನ್ನನ್ನು ಬದುಕಿಸಿದಿರಿ’ ಎಂದ ಆ ಶಿಷ್ಯ. ಭೇಟಿಯ ತಿರುಳು ಇಲ್ಲಿದೆ. ‘ಏನಾದರೂ ಬೇಕಾ?’ ಎಂದು ಕೇಳಿದರೆ ‘ಏನೂ ಬೇಡಪ್ಪ’ ಎಂಬ ಉತ್ತರವೇ ಬರುತ್ತದೆ. ಕಣ್ಣಾಡಿಸಿ. ಬುಧವಾರ ಮುಗಿಯಬೇಕಿದ್ದ ಮಾತ್ರೆಯ ಪಟ್ಟಿಯಲ್ಲಿ ಇನ್ನೂ ಆರು ಗುಳಿಗೆ ಉಳಿದಿದೆಯೇ? ಬಚ್ಚಲಿನ ಬಲ್ಬ್ ಹೋಗಿದೆಯೇ? ಕನ್ನಡಕದ ಕಾಲು ಮುರಿದಿದೆಯೇ? ‘ಗ್ಯಾಸ್ ಬುಕ್ ಮಾಡಲಾ, ಬೆಡ್‌ಶೀಟ್ ಬದಲಾಯಿಸಲಾ?’ ಎಂದು ಹೆಸರು ಹಿಡಿದು ಕೇಳಿದರೆ ಹೂಂ ಎನ್ನುತ್ತಾರೆ.

ಊಟ ಒಯ್ಯುವವರು ಮಾಂಸ ಮತ್ತು ಹಾಲು ಬೆರೆಯದಂತೆ ನೋಡಿಕೊಳ್ಳಬೇಕು, ಮೀನಾದರೆ ರೆಕ್ಕೆ ಮತ್ತು ಹುರುಪೆ ಎರಡೂ ಇರುವಂಥದ್ದೇ ಆಗಬೇಕು. ತೆಂಗಿನ ಹಾಲು ಎರಡರ ಜೊತೆಗೂ ಸಲ್ಲುತ್ತದೆ. ಬೆನೆ ಇಸ್ರೇಲ್ ಅಡುಗೆಯಲ್ಲಿ ಅದಕ್ಕೆ ಅಷ್ಟು ಜಾಗ ಇರುವುದಕ್ಕೆ ಇದೂ ಒಂದು ಕಾರಣ. ಮಾಡುವ ಪಾತ್ರೆಯೂ ಕೋಷರ್, ಅಂದರೆ ಈ ಆಹಾರ ನಿಯಮಕ್ಕೆ ಒಪ್ಪುವಂಥದ್ದು ಆಗಿರಬೇಕಾದ್ದರಿಂದ, ಅನುಮಾನವಿದ್ದರೆ ಇಡೀ ಹಣ್ಣು ಒಯ್ಯಿರಿ. ಸಕ್ಕರೆ ಕಾಯಿಲೆ ಇದೆಯೇ ಎಂದು ಪುಸ್ತಕ ನೋಡಿಕೊಳ್ಳಿ. ವಾಪಸ್ ಕೊಡಬೇಕಾದ ಡಬ್ಬಿ ಬೇಡ, ತೊಳೆದಿಡುವುದೇ ಅವರಿಗೊಂದು ಕೆಲಸವಾಗುತ್ತದೆ.

ಶಬ್ಬಾತ್ ಪಾಲಿಸುವವರು ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಫೋನ್ ಮುಟ್ಟುವುದಿಲ್ಲ. ಒಂಟಿಯಾಗಿರುವವರಿಗೆ ವಾರದಲ್ಲಿ ಅತಿ ಉದ್ದದ ಹೊತ್ತು ಇದೇ. ಶುಕ್ರವಾರ ಮಧ್ಯಾಹ್ನ ಫೋನ್ ಮಾಡಿ, ಶನಿವಾರ ನಡೆದು ಹೋಗುವಷ್ಟು ಹತ್ತಿರದವರನ್ನು ಗೊತ್ತುಮಾಡಿ. ಮಕ್ಕಳೊಡನೆ ವಿಡಿಯೊ ಕಾಲ್ ಮಾಡಿಸುವುದಾದರೆ ಇಸ್ರೇಲಿನ ಗಡಿಯಾರ ನಮಗಿಂತ ಚಳಿಗಾಲದಲ್ಲಿ ಮೂರೂವರೆ ಗಂಟೆ, ಬೇಸಿಗೆಯಲ್ಲಿ ಎರಡೂವರೆ ಗಂಟೆ ಹಿಂದಿರುತ್ತದೆ ಎಂಬುದನ್ನು ಮರೆಯಬೇಡಿ. ಆಮ್ಲಜನಕ ಹಚ್ಚಿರುವ ಕೋಣೆಯಲ್ಲಿ ಶಬ್ಬಾತ್ ಮೇಣದಬತ್ತಿ ಹಚ್ಚುವಂತಿಲ್ಲ, ಬದಲಿಗೆ ಏನು ಮಾಡಬೇಕೆಂದು ರಬ್ಬಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಎದೆನೋವು ಬಂದರೆ, ಬಿದ್ದು ಎಚ್ಚರ ತಪ್ಪಿದರೆ ಶಬ್ಬಾತ್ ಎಂದು ಕಾಯಬಾರದು, ಆ ಕ್ಷಣವೇ ಆಂಬುಲೆನ್ಸ್ ಕರೆಯಬೇಕು. ಜೀವ ಉಳಿಸುವ ಮುಂದೆ ಶಬ್ಬಾತ್ ನಿಯಮ ನಿಲ್ಲುವುದಿಲ್ಲ. ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್ ಉಪವಾಸದ ಮುನ್ನಾದಿನಗಳಲ್ಲಿ ಹಿರಿಯರ ಮನೆಗೆ ಒಮ್ಮೆ ಹೋಗಿ ಬನ್ನಿ. ಮಾತ್ರೆಯನ್ನೂ ಬಿಟ್ಟು ಗುಟ್ಟಾಗಿ ಉಪವಾಸ ಮಾಡುವವರಿದ್ದಾರೆ. ಪ್ರಾಣಕ್ಕೆ ಅಪಾಯ, ತಿನ್ನಲೇಬೇಕು ಎಂದು ವೈದ್ಯರು ಹೇಳಿದರೆ ತಿನ್ನುವುದೇ ಅವರಿಗೆ ಧರ್ಮ ಎಂದು ರಬ್ಬಿಯ ಬಾಯಲ್ಲೇ ಹೇಳಿಸಿ.

ಪ್ರಾರ್ಥಿಸದೆ ಬಂದರೆ ಭೇಟಿ ಪೂರ್ತಿಯಾಗದು. ರೋಗಿಯ ಮುಂದೆ ಯಾವ ಭಾಷೆಯಲ್ಲಾದರೂ ಸರಿ, ಮರಾಠಿಯೂ ಆದೀತು. ಶಬ್ಬಾತ್‌ನಂದು ‘ಇಂದು ಶಬ್ಬಾತ್, ಮೊರೆಯಿಡುವ ದಿನವಲ್ಲ, ಗುಣ ಬೇಗ ಬರಲಿದೆ’ ಎಂಬ ಅರ್ಥದ ಮಾತು ಹೇಳುತ್ತಾರೆ. ಸಿನಗಾಗಿನಲ್ಲಿ ಪವಿತ್ರ ಗ್ರಂಥ ತೋರಾ ಓದುವಾಗ ಮಿ ಶೆಬೆರಾಖ್ ಪ್ರಾರ್ಥನೆಯಲ್ಲಿ ರೋಗಿಯ ಹೆಸರನ್ನು ತಾಯಿಯ ಹೆಸರಿನೊಂದಿಗೆ ಹೇಳುತ್ತಾರೆ. ಹೆಸರು ಸೇರಿಸುವ ಮುನ್ನ ಒಪ್ಪಿಗೆ ಕೇಳಿ. ಪ್ರತಿ ಹೀಬ್ರೂ ತಿಂಗಳ ಮೊದಲಿಗೆ ಪಟ್ಟಿ ತಿದ್ದಿ. ತೀರಿಹೋದವರ ಹೆಸರು ಗುಣವಾಗಲಿ ಎಂದು ಓದಿಬಿಟ್ಟರೆ ಅಲ್ಲೇ ಕೂತಿರುವ ಹೆಂಡತಿಗೆ ಹೇಗಾದೀತು!

ಗುಣವಾಗಿ ಎದ್ದವರು ಹತ್ತು ಜನರ ಮುಂದೆ ಹಗೋಮೆಲ್ ಎಂಬ ಕೃತಜ್ಞತೆಯ ಮಾತು ಹೇಳುತ್ತಾರೆ. ಆಗುವುದಾದರೆ ಮೂರು ದಿನದೊಳಗೆ. ಬೆನೆ ಇಸ್ರೇಲ್ ಮನೆಗಳಲ್ಲಿ ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಮಲೀದಾ ಕೂಡ ಮಾಡುತ್ತಾರೆ. ಹತ್ತು ಹನ್ನೆರಡು ಜನರಿಗೆ ಅರ್ಧ ಕೆಜಿ ಅವಲಕ್ಕಿ, ಒಂದು ತೆಂಗಿನಕಾಯಿಯ ತುರಿ, ಇನ್ನೂರು ಗ್ರಾಂ ಸಕ್ಕರೆ, ಆರೇಳು ಏಲಕ್ಕಿಯ ಪುಡಿ, ಬಾದಾಮಿ, ಒಣದ್ರಾಕ್ಷಿ ಸಾಕು. ಅವಲಕ್ಕಿಯನ್ನು ನೀರಿಗೆ ಹಾಕಿ ಕೂಡಲೇ ಜರಡಿಗೆ ಬಸಿಯಿರಿ, ನೆನೆಯಲು ಬಿಟ್ಟರೆ ಮುದ್ದೆಯಾಗುತ್ತದೆ. ಸುತ್ತ ಹಣ್ಣುಗಳನ್ನಿಟ್ಟು, ಆಶೀರ್ವಚನ ಹೇಳಿ ಹಂಚುತ್ತಾರೆ. ಹಂಚುವ ಮೊದಲು ಪುಸ್ತಕ ತೆಗೆದು, ಇನ್ನೂ ಹಾಸಿಗೆಯಲ್ಲಿರುವವರ ಪಾಲು ತೆಗೆದಿಡಿ. ತೆಂಗಿನ ತುರಿ ಹಳಸುವ ಮುಂಚೆ, ಅಂದೇ ಮುಟ್ಟಿಸಬೇಕು.