ಮಾರುಕಟ್ಟೆಯ ಸಿಗರೇಟಿಗೆ ಹೊಂದುವ ತಂಬಾಕು ಮಿಶ್ರಣ: ಪ್ರಯೋಗಾಲಯದಲ್ಲಿ ಬಿಡಿಸಿ ನೋಡುವ ಕ್ರಮ

ನಿಪ್ಪಾಣಿಯ ವಖಾರಿಗಳಲ್ಲಿ ತಂಬಾಕಿನ ಗುಣವನ್ನು ಇಂದಿಗೂ ಮೊದಲು ಅಳೆಯುವುದು ಕೈ ಮತ್ತು ಮೂಗು. ಅನುಭವಿ ವ್ಯಾಪಾರಿಯೊಬ್ಬರು ಒಂದು ಹಿಡಿ ಜರ್ದಾವನ್ನು ಅಂಗೈಗೆ ಹಾಕಿಕೊಂಡು, ಹೆಬ್ಬೆರಳಿನಿಂದ ತಿಕ್ಕಿ, ಮೂಗಿನ ಹತ್ತಿರ ಹಿಡಿದು, ಹದ ಬಂದಿದೆಯೋ ಇಲ್ಲವೋ ಎಂದು ಹೇಳುವುದನ್ನು ನೋಡುತ್ತಲೇ ನಾನು ಬೆಳೆದೆ. ಆ ವಿದ್ಯೆಯ ಮೇಲೆ ನನಗೆ ಪೂರ್ಣ ಗೌರವವಿದೆ. ಆದರೆ ನಮ್ಮದು ಬೀಡಿ ತಂಬಾಕಿನ ಸೀಮೆ. ಸಿಗರೇಟಿನೊಳಗೆ ಇರುವುದು ಹುಣಸೂರು, ಪಿರಿಯಾಪಟ್ಟಣಗಳ ಕಡೆ ತಂಬಾಕು ಒಣಗಿಸುವ ಮನೆಗಳಾದ ಬ್ಯಾರನ್‌ಗಳಲ್ಲಿ ಬಿಸಿಗಾಳಿಗೆ ಹದಗೊಳಿಸಿದ ವರ್ಜೀನಿಯಾ ಎಲೆ, ಆಂಧ್ರದಲ್ಲಿ ನೆರಳುಗಾಳಿಗೆ ಒಣಗಿಸಿದ ಬರ್ಲಿ ಎಲೆ, ಎಲೆಯ ನಡುಗಡ್ಡಿ, ಪುಡಿಯಿಂದ ಮಾಡಿದ ಹಾಳೆ, ಮೇಲೆ ಸಿಂಪಡಿಸಿದ ಸಕ್ಕರೆ ಮತ್ತು ಸುವಾಸನೆ. ಇವೆಲ್ಲ ಒಂದು ಮಿಲಿಮೀಟರಿಗಿಂತ ಸಣ್ಣ ಎಳೆಗಳಾಗಿ ಕತ್ತರಿಸಿ ಬೆರೆತ ಮೇಲೆ ಕೈ ಮತ್ತು ಮೂಗಿನ ಅಂದಾಜು ಅರ್ಧ ದಾರಿಗೆ ನಿಲ್ಲುತ್ತದೆ. ಬೆಳಗಾವಿ, ಚಿಕ್ಕೋಡಿಗಳ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಓದಿ ಸಣ್ಣ ಪ್ರಯೋಗಾಲಯಗಳಿಗೆ ಸೇರುವ ಹುಡುಗ ಹುಡುಗಿಯರಿಗೆ ‘ಈ ಬ್ರ್ಯಾಂಡಿಗೆ ಹೊಂದುವ ಮಿಶ್ರಣ ಬೇಕು’ ಎಂಬ ಕೆಲಸ ಬಂದಾಗ ಎಲ್ಲಿಂದ ತೊಡಗಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೊಡಗುವ ಮೊದಲು ಎರಡು ಮಾತುಗಳನ್ನು ಕೆಲಸ ಕೊಟ್ಟವರಿಗೆ ಸ್ಪಷ್ಟವಾಗಿ ಹೇಳಿರಬೇಕು. ರುಚಿ ಮತ್ತು ಕಟುತನದಲ್ಲಿ ಇನ್ನೊಂದು ಸಿಗರೇಟಿನ ಸಮೀಪಕ್ಕೆ ಬರುವ ಮಿಶ್ರಣ ಮಾಡುವುದು ಬೇರೆ, ಅದರ ಹೆಸರು ಮತ್ತು ಪ್ಯಾಕಿನ ರೂಪವನ್ನು ಕದಿಯುವುದು ಬೇರೆ; ಎರಡನೆಯದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಅಪರಾಧ. ಹಾಗೆಯೇ, ಯಾವ ಮಿಶ್ರಣವೂ ಹೊಗೆಯನ್ನು ನಿರಪಾಯಕಾರಿ ಮಾಡುವುದಿಲ್ಲವಾದ್ದರಿಂದ, ಹೊಗೆಯ ಜಿಗುಟು ಕಣಗಳ, ಅಂದರೆ ಟಾರ್, ಅಂಕಿ ಕಡಿಮೆ ಬಂದಿತೆಂದು ವರದಿಯಲ್ಲಿ ‘ಹಗುರ’, ‘ಸೌಮ್ಯ’ ಎಂಬ ಪದಗಳನ್ನು ಬರೆಯಬಾರದು. ನಾನಂತೂ ಬರೆಯುವುದಿಲ್ಲ.

ಮಾದರಿ ತರುವುದು

ಒಂದು ಅಂಗಡಿಯಿಂದ ಒಂದು ಪ್ಯಾಕ್ ತಂದು ಪರೀಕ್ಷೆಗೆ ಕೂರುವುದು ವ್ಯರ್ಥ. ಒಂದೇ ತಿಂಗಳು ತಯಾರಾದ ಪ್ಯಾಕುಗಳನ್ನು ನಿಪ್ಪಾಣಿ, ಚಿಕ್ಕೋಡಿ, ಬೆಳಗಾವಿಗಳ ಬೇರೆ ಬೇರೆ ಅಂಗಡಿಗಳಿಂದ, ಸಾಧ್ಯವಾದರೆ ಒಂದು ಜಿಲ್ಲೆ ದಾಟಿಯೂ, ಒಡೆಯದ ಸ್ಥಿತಿಯಲ್ಲಿ ಕೊಳ್ಳಬೇಕು. ಬಿಡಿಯಾಗಿ ಮಾರುವ ಸಿಗರೇಟು ಬೇಡ. ಗಾಜಿನ ಡಬ್ಬಿಯಲ್ಲಿ ಗಂಟೆಗಟ್ಟಲೆ ಗಾಳಿಗೆ ತೆರೆದುಕೊಂಡಿದ್ದ ಎಳೆ ತನ್ನ ನೀರನ್ನೂ ವಾಸನೆಯನ್ನೂ ಕಳೆದುಕೊಂಡಿರುತ್ತದೆ. ಪ್ಯಾಕಿನ ಮೇಲಿನ ತಿಂಗಳು ಮತ್ತು ಸಂಕೇತ ಸಂಖ್ಯೆ, ಕೊಂಡ ಊರು, ಕೊಂಡ ದಿನ, ಇವಿಷ್ಟನ್ನು ಅಂದೇ ಪುಸ್ತಕದಲ್ಲಿ ಬರೆದಿಡಬೇಕು.

ಹದ ಕೂಡಿಸುವುದು

ಈ ಬರಹದಲ್ಲಿ ನಾನು ಒತ್ತಿ ಹೇಳಬೇಕಾದದ್ದು ಇದನ್ನೇ: ನೀರಿನ ಲೆಕ್ಕ ಸರಿಯಾಗದೆ ಉಳಿದ ಯಾವ ಲೆಕ್ಕವೂ ಸರಿಯಾಗುವುದಿಲ್ಲ. ತಂಬಾಕು ಸುತ್ತಲಿನ ಗಾಳಿಯಿಂದ ನೀರನ್ನು ಹೀರುತ್ತದೆ, ಮತ್ತೆ ಗಾಳಿಗೆ ಬಿಡುತ್ತದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನಮ್ಮ ಊರಿನ ಎಲೆ ಮುಟ್ಟಿದರೆ ತೊಗಲಿನಂತೆ ಮೆತ್ತಗಿರುತ್ತದೆ. ಮಾಘದ ಒಣ ಗಾಳಿಯಲ್ಲಿ ಅದೇ ಎಲೆ ಹಪ್ಪಳದಂತೆ ಮುರಿಯುತ್ತದೆ. ವಖಾರಿಯ ಜನ ಇದನ್ನು ಬಲ್ಲರು, ಅದಕ್ಕಾಗಿಯೇ ಬೆಳಗಿನ ತಂಪಿನಲ್ಲಿ ಎಲೆಗೆ ಕೈ ಹಚ್ಚುತ್ತಾರೆ. ಪ್ರಯೋಗಾಲಯಕ್ಕೆ ಬಂದ ಕೂಡಲೇ ನಾವೇ ಅದನ್ನು ಮರೆತುಬಿಡುತ್ತೇವೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಮಿಶ್ರಣದ ನಿಕೋಟಿನ್ ಶೇ. 2.00 ಬಂದಿತು, ಎದುರಿನ, ಅಂದರೆ ನಾವು ಹೊಂದಿಸಬೇಕಿದ್ದ, ಬ್ರ್ಯಾಂಡಿನದು ಶೇ. 1.90. ನಮ್ಮದು ಕಟುವಾಯಿತೆಂದು ತೀರ್ಮಾನಿಸಿ, ಮೂರು ವಾರ ಎಲೆಯ ಪ್ರಮಾಣವನ್ನು ತಿದ್ದುತ್ತ ಕುಳಿತೆವು. ನಮ್ಮ ಎಳೆಯಲ್ಲಿ ತೇವಾಂಶ ಶೇ. 12.5 ಇತ್ತು, ಮಳೆಗಾಲದಲ್ಲಿ ಪ್ಯಾಕ್ ಒಡೆದು ಮೇಜಿನ ಮೇಲೆ ಬಿಟ್ಟಿದ್ದ ಅವರ ಎಳೆಯಲ್ಲಿ ಶೇ. 17. ಒಣ ತೂಕಕ್ಕೆ ತಿರುಗಿಸಿದರೆ 2.00 ಅನ್ನು 0.875ರಿಂದ ಭಾಗಿಸಬೇಕು, 1.90 ಅನ್ನು 0.83ರಿಂದ, ಎರಡೂ 2.29 ಬರುತ್ತವೆ. ಎರಡು ಮಿಶ್ರಣಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. ಅಂದಿನಿಂದ ಒಣ ತೂಕದ ಮೇಲೆ ಹೇಳದ ಯಾವ ಅಂಕಿಯನ್ನೂ ನಾನು ನಂಬುವುದಿಲ್ಲ.

ಐಎಸ್‌ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) 3402 ಮಾನಕ ಹೇಳುವ ಹದ 22 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ. 60ರ ಸಾಪೇಕ್ಷ ಆರ್ದ್ರತೆ. ಆ ಗಾಳಿಯಲ್ಲಿ ಮಾದರಿಯನ್ನು ಕನಿಷ್ಠ 48 ಗಂಟೆ ಇಡಬೇಕು. ಅದಕ್ಕೆಂದೇ ಮಾಡಿದ ಪೆಟ್ಟಿಗೆ ಕೊಳ್ಳಲಾಗದವರು ಬಿಗಿ ಮುಚ್ಚಳದ ಗಾಜಿನ ಪಾತ್ರೆಯಾದ ಡೆಸಿಕೇಟರಿನ ತಳದಲ್ಲಿ ಸೋಡಿಯಂ ಬ್ರೋಮೈಡಿನ ಸಂತೃಪ್ತ ದ್ರಾವಣವನ್ನು, ಕರಗದ ಉಪ್ಪು ಅಡಿಯಲ್ಲಿ ಕಾಣುವಂತೆ, ಇಟ್ಟರೆ ಸಾಕು. ಅದು ಆ ಉಷ್ಣತೆಯಲ್ಲಿ ಶೇ. 58-59ರ ಆರ್ದ್ರತೆಯನ್ನು ತಾನಾಗಿ ಕಾಯ್ದುಕೊಳ್ಳುತ್ತದೆ, ಮತ್ತು ಮಾನಕ ಒಪ್ಪುವ ಶೇ. 3ರ ಏರಿಳಿತದೊಳಗೇ ಇರುತ್ತದೆ. ನಮ್ಮ ಮಿಶ್ರಣವನ್ನೂ ಎದುರಿನದನ್ನೂ ಒಂದೇ ಡೆಸಿಕೇಟರಿನಲ್ಲಿ, ಒಂದೇ ಹೊತ್ತಿಗೆ ಇಡಬೇಕು.

ತೇವಾಂಶ ಅಳೆಯಲು 100 ಡಿಗ್ರಿಯ ಒಲೆಯಲ್ಲಿ 3 ಗಂಟೆ ಇಟ್ಟು, ಒಣಕಾರಕ ಹಾಕಿದ ಬೇರೆ ಡೆಸಿಕೇಟರಿನಲ್ಲಿ ತಣಿಸಿ ತೂಗುವುದು ಸುಲಭದ ದಾರಿ. ತೇವ ಉಳಿಸಲು ಎಳೆಗೆ ಹಾಕಿದ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಸ್ವಲ್ಪ ಮಟ್ಟಿಗೆ ಗ್ಲಿಸರಿನ್ ಸಹ ಆ ಬಿಸಿಗೆ ಹಾರಿಹೋಗುವುದರಿಂದ, ಒಲೆ ತೋರಿಸುವ ನಷ್ಟವೆಲ್ಲ ನೀರಲ್ಲ. ಬರಿಯ ನೀರೇ ಬೇಕೆಂದರೆ ನೀರಿನೊಂದಿಗೆ ಮಾತ್ರ ವರ್ತಿಸುವ ಕಾರಕದಿಂದ ಅಳೆಯುವ ಕಾರ್ಲ್ ಫಿಶರ್ ವಿಧಾನ ಹಿಡಿಯಬೇಕು.

ಕೈಯಿಂದ ಬಿಡಿಸುವುದು

ಹದಕ್ಕೆ ಬಂದ ಸಿಗರೇಟುಗಳ ಕಾಗದ ಸೀಳಿ 20 ಗ್ರಾಂ ಎಳೆಯನ್ನು ಬಿಳಿಯ ತಟ್ಟೆಗೆ ಸುರಿಯಬೇಕು. ಭೂತಗನ್ನಡಿ, ಚಿಮಟ, ಒಳ್ಳೆಯ ಬೆಳಕು, ಇಡೀ ಒಂದು ದಿನ: ಇವಿಷ್ಟು ಬೇಕು. ಕಿತ್ತಳೆ ಹಳದಿಯ ಎಳೆಗಳು ಹೆಚ್ಚಾಗಿ ವರ್ಜೀನಿಯಾ, ಕಂದು ಬಣ್ಣದ ತೆಳು ಎಳೆಗಳು ಬರ್ಲಿ. ಆದರೆ ಕೇಸಿಂಗ್, ಅಂದರೆ ಸಕ್ಕರೆ ಮುಂತಾದವುಗಳ ಪಾಕ, ಹಾಕಿ ಹುರಿದ ಮೇಲೆ ಬಣ್ಣ ಮೋಸ ಮಾಡುತ್ತದೆ, ಆದ್ದರಿಂದ ಇವೆರಡನ್ನು ಕಣ್ಣಿನಿಂದ ಬೇರ್ಪಡಿಸುವ ಗೊಡವೆಗೆ ಹೋಗದೆ ಒಟ್ಟಾಗಿ ‘ಎಲೆ’ ಎಂದು ಇಟ್ಟುಕೊಳ್ಳಬೇಕು. ಬೇರ್ಪಡಿಸಬೇಕಾದದ್ದು ಕಡ್ಡಿ, ಹಾಳೆ ಮತ್ತು ಉಬ್ಬಿಸಿದ ಎಲೆ (ಗಾತ್ರ ಹೆಚ್ಚಲೆಂದು ಕಾರ್ಖಾನೆಯಲ್ಲಿ ಊದಿಸಿದ್ದು). ಕಡ್ಡಿಯ ಎಳೆ ಮಾಸಲು ಬಿಳುಪಿನದು, ನಾರಿನದು, ಬೆರಳಿಗೆ ಒರಟು. ಉಬ್ಬಿಸಿದ ಎಲೆ ಹಗುರವಾಗಿ, ಒತ್ತಿದರೆ ಸ್ಪಂಜಿನಂತೆ ಮತ್ತೆ ಏಳುತ್ತದೆ.

ಹಾಳೆಯನ್ನು ಗುರುತಿಸಲು ನನಗೆ ಕಲಿಸಿದವರು ಎಲೆ ಆರಿಸುವ ಕೆಲಸಕ್ಕೆ ಬರುತ್ತಿದ್ದ ಮಾವಶಿಯೊಬ್ಬರು (ಹಿರಿಯ ಹೆಂಗಸು). ತಟ್ಟೆಯಿಂದ ಒಂದು ಎಳೆಯನ್ನು ಉಗುರಿನ ಮೇಲೆ ಹಾಸಿ ಬೆಳಕಿಗೆ ಹಿಡಿದು, “ಇದು ಎಲಿ ಅಲ್ಲೋ ತಮ್ಮಾ, ಇದಕ್ಕ ನರಾನ ಇಲ್ಲ” ಎಂದರು. ಅವರ ಮಾತೇ ಸರಿಯಾದ ಪರೀಕ್ಷೆ. ತಂಬಾಕಿನ ಪುಡಿ ಮತ್ತು ಕಡ್ಡಿಯನ್ನು ಅರೆದು ಕಾಗದದಂತೆ ಎಳೆದ ಹಾಳೆಗೆ ನರವಿಲ್ಲ, ಬಣ್ಣ ಎಲ್ಲ ಕಡೆ ಒಂದೇ. ಅನುಮಾನ ಬಂದ ಎಳೆಯನ್ನು ಬೆಚ್ಚಗಿನ ನೀರಿನಲ್ಲಿ ನೆನೆಹಾಕಿದರೆ, ಎಲೆಯಾದರೆ ಬಿಚ್ಚಿಕೊಂಡು ನರ ತೋರಿಸುತ್ತದೆ, ಹಾಳೆಯಾದರೆ ಚಿಮಟದಿಂದ ಕೆದಕಿದಾಗ ನಾರುನಾರಾಗಿ ಬಿಡುತ್ತದೆ.

ಉದಾಹರಣೆಗೆ 20 ಗ್ರಾಂನಲ್ಲಿ ಎಲೆ 14.6, ಕಡ್ಡಿ 2.8, ಹಾಳೆ 1.6, ಉಬ್ಬಿಸಿದ ಎಲೆ 1.0 ಗ್ರಾಂ ದೊರೆತರೆ, ಮಿಶ್ರಣದ ಎಲುಬುಗೂಡು ಶೇ. 73, 14, 8, 5 ಎಂದಾಯಿತು. ಇದೇ ಹೊತ್ತಿಗೆ ಐವತ್ತು ಎಳೆಗಳ ಅಗಲವನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ಸರಾಸರಿ ತೆಗೆಯಬೇಕು; ಒಂದು ಅಂಗುಲಕ್ಕೆ 32 ಸೀಳು ಎಂದರೆ ಸುಮಾರು 0.8 ಮಿ.ಮೀ. ಅಗಲ.

ರಸಾಯನ ಪರೀಕ್ಷೆ

ಬೇರ್ಪಡಿಸಿದ ‘ಎಲೆ’ಯ ಭಾಗವನ್ನಷ್ಟೇ ಅರೆದು ನಾಲ್ಕು ಅಂಕಿ ತೆಗೆಯಬೇಕು: ನಿಕೋಟಿನ್, ಅಪಕರ್ಷಕ ಸಕ್ಕರೆ (ಗ್ಲೂಕೋಸ್, ಫ್ರಕ್ಟೋಸ್ ಬಗೆಯದು), ನೈಟ್ರೇಟ್, ಕ್ಲೋರೈಡ್. ನಿಕೋಟಿನ್ನಿಗೆ ಆವಿಯಾಗಿಸಿ ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಇಲ್ಲದಿದ್ದರೆ, ಕ್ಷಾರ ಸೇರಿಸಿ ಹಬೆಯಲ್ಲಿ ಭಟ್ಟಿ ಇಳಿಸಿ, ಆಮ್ಲದಲ್ಲಿ ಹಿಡಿದು, 259 ನ್ಯಾನೋಮೀಟರಿನಲ್ಲಿ ಹೀರಿಕೆಯನ್ನು ಓದಬಹುದು. 236 ಮತ್ತು 282ರಲ್ಲಿಯೂ ಓದಿ ಹಿನ್ನೆಲೆಯನ್ನು ಕಳೆಯಬೇಕು. ಶುದ್ಧ ನಿಕೋಟಿನ್ ಚರ್ಮದ ಮೂಲಕವೇ ದೇಹಕ್ಕೆ ಇಳಿಯುತ್ತದೆ. ಇಬ್ಬನಿಯಲ್ಲಿ ಹಸಿ ತಂಬಾಕಿಗೆ ಕೈ ಹಾಕಿದವರಿಗೆ ತಲೆಸುತ್ತು, ವಾಂತಿ ಬರುವುದನ್ನು ನಮ್ಮ ಸೀಮೆಯ ರೈತರ ಮನೆಗಳು ಕಂಡಿವೆ. ಬಾಟಲಿಯಲ್ಲಿರುವುದು ಅದಕ್ಕಿಂತ ಎಷ್ಟೋ ತೀಕ್ಷ್ಣ. ಕೈಗವಸು ಮತ್ತು ಹೊಗೆಗೂಡು (ಫ್ಯೂಮ್ ಹುಡ್) ಇಲ್ಲದೆ ಅದನ್ನು ತೆರೆಯಲೇಬಾರದು. ಸಕ್ಕರೆಗೆ ಫೆಹ್ಲಿಂಗ್ ದ್ರಾವಣದ ಟೈಟ್ರೇಶನ್, ಕ್ಲೋರೈಡಿಗೆ ಸಿಲ್ವರ್ ನೈಟ್ರೇಟ್ ಸಾಕು. ಕ್ಲೋರೈಡ್ ಶೇ. 2 ದಾಟಿದ ಎಲೆ ಸರಿಯಾಗಿ ಉರಿಯುವುದಿಲ್ಲ.

ವರ್ಜೀನಿಯಾದಲ್ಲಿ ಸಕ್ಕರೆ ಹೆಚ್ಚು, ನೈಟ್ರೇಟ್ ಕಡಿಮೆ. ಬರ್ಲಿಯಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ, ನೈಟ್ರೇಟ್ ಹೆಚ್ಚು. ಹೊಸಬರು ಸಕ್ಕರೆಯ ಅಂಕಿಯಿಂದ ಬರ್ಲಿಯ ಪಾಲನ್ನು ಲೆಕ್ಕ ಹಾಕಲು ಹೋಗಿ ಎಡವುತ್ತಾರೆ, ಏಕೆಂದರೆ ಬರ್ಲಿಗೆ ಕೇಸಿಂಗ್ ರೂಪದಲ್ಲಿ ಹೊರಗಿನಿಂದ ಸಕ್ಕರೆ ಸೇರಿಸಿರುತ್ತಾರೆ. ನೈಟ್ರೇಟನ್ನು ಹೀಗೆ ಸಿಂಪಡಿಸುವುದು ಅಪರೂಪ. ಅದು ಹೆಚ್ಚು ನಂಬಿಗಸ್ತ. ಕಡ್ಡಿಯಲ್ಲಿಯೂ ನೈಟ್ರೇಟ್ ಹೆಚ್ಚಿರುವುದರಿಂದಲೇ ಅದನ್ನು ಮೊದಲು ಕೈಯಿಂದ ತೆಗೆದದ್ದು.

ಲೆಕ್ಕ ಹೀಗೆ. ನಮ್ಮ ಬಳಿ ಇರುವ ವರ್ಜೀನಿಯಾದಲ್ಲಿ ನೈಟ್ರೇಟ್ ಸಾರಜನಕ ಶೇ. 0.05, ಬರ್ಲಿಯಲ್ಲಿ ಶೇ. 0.45, ಎದುರಿನ ಎಲೆಯಲ್ಲಿ ಶೇ. 0.13 ಎಂದಿಟ್ಟುಕೊಳ್ಳೋಣ. 0.13ರಿಂದ 0.05 ಕಳೆದು ಉಳಿದ 0.08 ಅನ್ನು 0.40ರಿಂದ ಭಾಗಿಸಿದರೆ ಬರ್ಲಿಯ ಪಾಲು ಶೇ. 20. ಈಗ ಸಕ್ಕರೆಯಿಂದ ತಾಳೆ ನೋಡಬೇಕು: ವರ್ಜೀನಿಯಾದ ಸಕ್ಕರೆ ಶೇ. 16 ಇದ್ದರೆ ಶೇ. 80ರ ಪಾಲಿಗೆ 12.8 ಬರಬೇಕು, ಅಳತೆಯಲ್ಲಿ 15 ಬಂದಿದ್ದರೆ ಹೆಚ್ಚುವರಿ 2.2 ಕೇಸಿಂಗಿನದು. ಹೀಗೆ ಒಂದು ಅಂಕಿ ಪ್ರಮಾಣವನ್ನು ಹೇಳುತ್ತದೆ, ಇನ್ನೊಂದು ಅಂಕಿ ಮರೆಯಲ್ಲಿದ್ದ ಸಕ್ಕರೆಯನ್ನು ಬಯಲಿಗೆಳೆಯುತ್ತದೆ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಡುವ ಘಳಿಗೆ ಇದು. ನಿಕೋಟಿನ್ ಸಹ ಈ ಪಾಲಿಗೆ ಹೊಂದದಿದ್ದರೆ ಮೂರನೆಯ ಎಲೆಯೊಂದು, ಬಹುಶಃ ಬಿಸಿಲಿಗೆ ಒಣಗಿಸಿದ ಸಣ್ಣ, ಸುವಾಸನೆಯ ಓರಿಯಂಟಲ್ ಎಲೆ, ಒಳಗಿದೆ ಎಂದು ಶಂಕಿಸಬೇಕು.

ಕೇಸಿಂಗಿನ ಉಳಿದ ವಸ್ತುಗಳಿಗೂ ಗುರುತುಗಳಿವೆ. ಕೋಕೋ ಹಾಕಿದ್ದರೆ ದ್ರವ ಕ್ರೊಮ್ಯಾಟೋಗ್ರಾಫಿಯಲ್ಲಿ ಥಿಯೋಬ್ರೋಮಿನ್ ಕಾಣುತ್ತದೆ, ಜೇಷ್ಠಮಧು ಹಾಕಿದ್ದರೆ ಗ್ಲಿಸಿರೈಜಿಕ್ ಆಮ್ಲ. ಮೇಲಿನ ಸುವಾಸನೆಯ ಸೂತ್ರವನ್ನು ಮಾತ್ರ ಪೂರ್ತಿ ಬಿಡಿಸುವ ಆಸೆ ಬೇಡ. ಕ್ರೊಮ್ಯಾಟೋಗ್ರಾಫಿನ ನಕ್ಷೆಯಲ್ಲಿ ಮುಖ್ಯವಾದ ಮೂರು ನಾಲ್ಕು ಶಿಖರಗಳನ್ನು ಗುರುತಿಸಿದರೆ ಅಷ್ಟೇ ದೊಡ್ಡದು.

ಹೊಗೆ ಮತ್ತು ಮೂಗು

ಮಿಶ್ರಣ ಸಿದ್ಧವಾದ ಮೇಲೆ ಎರಡೂ ಎಳೆಗಳನ್ನು ಒಂದೇ ಕಾಗದ, ಒಂದೇ ಫಿಲ್ಟರಿನ ಖಾಲಿ ಕೊಳವೆಗಳಲ್ಲಿ, ಒಂದೇ ತೂಕಕ್ಕೆ ತುಂಬಬೇಕು. ಫಿಲ್ಟರಿನ ಸುತ್ತಲಿನ ಸಣ್ಣ ರಂಧ್ರಗಳೂ ಕಾಗದದ ಗಾಳಿಯಾಟವೂ ಹೊಗೆಯ ಅಂಕಿಯನ್ನು ಎಲೆಗಿಂತ ಹೆಚ್ಚು ಬದಲಿಸಬಲ್ಲವು. ಈ ಹೆಜ್ಜೆ ತಪ್ಪಿದರೆ ನಾವು ಹೋಲಿಸುವುದು ಕಾಗದವನ್ನು, ತಂಬಾಕನ್ನಲ್ಲ. ಐಎಸ್‌ಒ 3308ರಂತೆ ಯಂತ್ರವು ನಿಮಿಷಕ್ಕೊಮ್ಮೆ, 2 ಸೆಕೆಂಡಿನಲ್ಲಿ, 35 ಮಿಲಿಲೀಟರ್ ಎಳೆಯುತ್ತದೆ. ಗಾಜಿನೆಳೆಯ ಪ್ಯಾಡಿನ ಮೇಲೆ ಕುಳಿತ ಒಟ್ಟು ಕಣಗಳ ತೂಕದಿಂದ ನೀರು ಮತ್ತು ನಿಕೋಟಿನ್ ಕಳೆದು ಉಳಿದದ್ದೇ ಟಾರ್.

ಕೊನೆಯ ಪರೀಕ್ಷೆಗೆ ಯಾರೂ ಸೇದಬೇಕಾಗಿಲ್ಲ, ಸೇದಿಸಲೂಬಾರದು. ಮುಚ್ಚಳವಿರುವ ಮೂರು ಡಬ್ಬಿಗಳಲ್ಲಿ ಎರಡಕ್ಕೆ ಒಂದೇ ಎಳೆ, ಮೂರನೆಯದಕ್ಕೆ ಬೇರೆಯದು ಹಾಕಿ, ಬೇರೆಯಾದ ಡಬ್ಬಿ ಯಾವುದೆಂದು ಮೂಸಿ ಹೇಳಲು 12 ಜನರನ್ನು ಕೇಳಬೇಕು. ಊಹೆಯಿಂದಲೇ ಸರಾಸರಿ ನಾಲ್ವರು ಸರಿ ಹೇಳುತ್ತಾರೆ. ಎಂಟು ಅಥವಾ ಹೆಚ್ಚು ಜನ ಸರಿ ಹೇಳಿದರೆ ವ್ಯತ್ಯಾಸ ನಿಜವಾಗಿಯೂ ಇದೆ, ಮಿಶ್ರಣ ಇನ್ನೂ ಹೊಂದಿಲ್ಲ. ನಾನು ಈ ಕೆಲಸಕ್ಕೆ ವಖಾರಿಯಲ್ಲಿ ಎಲೆ ಆರಿಸುವ ಹೆಂಗಸರನ್ನೇ ಕರೆಯುತ್ತೇನೆ, ಅವರ ಹೊತ್ತಿಗೆ ಕೂಲಿ ಕೊಟ್ಟು.

ಹೊಂದಿದ ಮಿಶ್ರಣದ 200 ಗ್ರಾಂ ಎಳೆಯನ್ನೂ ಎದುರಿನ ಬ್ರ್ಯಾಂಡಿನ ಒಡೆಯದ ಎರಡು ಪ್ಯಾಕುಗಳನ್ನೂ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ, ದಿನಾಂಕ ಮತ್ತು ತೇವಾಂಶವನ್ನು ಚೀಟಿಯಲ್ಲಿ ಬರೆದು ತಂಪಿನಲ್ಲಿ ಇಡಬೇಕು. ಮುಂದಿನ ಬೆಳೆಯ ಎಲೆ ಬಂದಾಗ ಅವರ ಮಿಶ್ರಣವೂ ಬದಲಾಗಿರುತ್ತದೆ, ಆಗ ಹೊಸ ಪ್ಯಾಕುಗಳನ್ನು ತಂದು ಈ ಡಬ್ಬಿಯ ಪಕ್ಕದಲ್ಲಿಟ್ಟು ಮತ್ತೆ ಹದ ಕೂಡಿಸುವುದರಿಂದ ತೊಡಗಬೇಕು.