ತುಕ್ಕು ಹಿಡಿದ ವಿಲ್ಲೀಸ್ ಮತ್ತು ನನ್ನ ತಕ್ಕಡಿ

ಬೆಳಗಾವಿ ಉದ್ಯಮಬಾಗದ ನನ್ನ ಶೆಡ್ಡಿಗೆ ಆ ವಿಲ್ಲೀಸ್ ಸಿಜೆ-3ಬಿ ಜೀಪು ಬಂದಾಗ ಅದನ್ನು ನೋಡಿದ ಮಿಸ್ತ್ರಿಗಳೆಲ್ಲ ಒಂದೇ ಮಾತು ಹೇಳಿದರು: ಗುಜರಿಗೆ ಹಾಕು, ಕಿಲೋಗೆ ಮೂವತ್ತು ರೂಪಾಯಿ ಬಂದರೂ ಲಾಭ. ಈಗ ಅದೇ ಜೀಪು ತನ್ನದೇ ಎಂಜಿನ್ ಬ್ಲಾಕ್, ತನ್ನದೇ ಗೇರ್‌ಬಾಕ್ಸ್ ಪೆಟ್ಟಿಗೆ, ತನ್ನದೇ ಹಿಂದಿನ ಆಕ್ಸಲ್ ಹೌಸಿಂಗ್ ಇಟ್ಟುಕೊಂಡು ಚೋರ್ಲಾ ಘಾಟ್ ಇಳಿದು, ಹತ್ತಿ, ವಾಪಸು ಬಂದಿದೆ. ಅಂದು ನಕ್ಕವರಲ್ಲಿ ಇಬ್ಬರು ಈಗ ತಮ್ಮ ಬ್ರೇಕ್ ಡ್ರಮ್‌ಗಳನ್ನು ತಂದು ನನ್ನ ಮುಂದಿಡುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ. ಬಿಚ್ಚುವುದು, ಜೋಡಿಸುವುದು ನಿಮಗೆ ಗೊತ್ತಿರುವ ಕೆಲಸ. ಬಿಚ್ಚಿ ನೆಲದ ಮೇಲೆ ಹರಡಿದ ರಾಶಿಯಲ್ಲಿ ಯಾವುದಕ್ಕೆ ದುಡ್ಡು ಸುರಿಯಬೇಕು, ಯಾವುದಕ್ಕೆ ಬೇಡ ಎಂಬುದಷ್ಟೇ ಇಲ್ಲಿಯ ವಿಷಯ.

ನಮ್ಮ ಕಸುಬಿನಲ್ಲಿ ಹೆಚ್ಚಿನವರು ತುಕ್ಕನ್ನು ಕಣ್ಣಿನಿಂದ ಅಳೆಯುತ್ತಾರೆ. ಕಣ್ಣು ಎರಡೂ ಕಡೆ ಮೋಸ ಮಾಡುತ್ತದೆ. ಕಬ್ಬಿಣ ತುಕ್ಕಾಗುವಾಗ ಹಲವು ಪಟ್ಟು ಉಬ್ಬುತ್ತದೆ. ಬೀಡಿನ (ಎರಕದ ಕಬ್ಬಿಣದ) ಪೆಟ್ಟಿಗೆಯ ಮೇಲೆ ಎರಡು ಮಿಲಿಮೀಟರ್ ದಪ್ಪದ ಹಕ್ಕಳೆ ಎದ್ದಿದ್ದರೂ ಒಳಗೆ ಹೋಗಿರುವ ಲೋಹ ಅರ್ಧ ಮಿಲಿಮೀಟರ್ ಆಸುಪಾಸು. ಅಷ್ಟು ಗೋಡೆ ಹೋದರೆ ಗೇರ್‌ಬಾಕ್ಸಿಗೆ ಏನೂ ಆಗುವುದಿಲ್ಲ. ಇತ್ತ ಸ್ಟೀರಿಂಗಿನ ಟೈ ರಾಡ್ ನೋಡಲು ಥಳಥಳ ಎನ್ನುತ್ತಿರುತ್ತದೆ, ರಬ್ಬರ್ ಬೂಟಿನ ಕೆಳಗೆ ಕುತ್ತಿಗೆಯ ಹತ್ತಿರ ಸಾಸಿವೆಯಷ್ಟು ಗುಳಿ ಬಿದ್ದಿರುತ್ತದೆ. ಅದು ಮುರಿಯುವುದು ಘಾಟಿನ ತಿರುವಿನಲ್ಲಿಯೇ.

ಅದಕ್ಕಾಗಿ ನಾನು ತಕ್ಕಡಿ ಹಿಡಿದೆ. ನನ್ನ ಹತ್ತಿರ ಒಂದು ಹಳೆಯ ನೋಟ್‌ಬುಕ್ ಇದೆ. ರಿಪೇರಿಗೆ ಬರುವ ಪ್ರತಿ ವಿಲ್ಲೀಸ್, ಪ್ರತಿ ಫಿಯೆಟ್ 1100, ಪ್ರತಿ ಅಂಬಾಸಿಡರ್‌ನಲ್ಲಿ ಚೆನ್ನಾಗಿರುವ ಭಾಗ ಬಿಚ್ಚಿದಾಗಲೆಲ್ಲ ಅದನ್ನು ತೂಗಿ ಬರೆದಿಡುತ್ತೇನೆ. ವರ್ಷಗಟ್ಟಲೆ ಮಾಡಿದ್ದಕ್ಕೆ ಜನ ನನ್ನನ್ನು ಕಿರಾಣಿ ಅಂಗಡಿಯವನೆಂದು ಕರೆದರು. ಈಗ ತುಕ್ಕು ಹಿಡಿದದ್ದನ್ನು ಶುದ್ಧ ಮಾಡಿ ತೂಗಿದರೆ ಎಷ್ಟು ಲೋಹ ಹೋಗಿದೆ ಎಂದು ನೋಟ್‌ಬುಕ್ ಹೇಳುತ್ತದೆ. ಬೀಡಿನ ಹೌಸಿಂಗ್‌ಗಳಲ್ಲಿ ನೂರಕ್ಕೆ ನಾಲ್ಕರವರೆಗೆ ಹೋಗಿದ್ದರೆ ಯೋಚಿಸದೆ ಇಟ್ಟುಕೊಳ್ಳುತ್ತೇನೆ. ಏಳೆಂಟು ದಾಟಿದರೆ ದಪ್ಪ ಅಳೆಯುವ ವೆರ್ನಿಯರ್ ತೆಗೆದುಕೊಂಡು ಎಲ್ಲಿ ಹೋಗಿದೆ ಎಂದು ಹುಡುಕುತ್ತೇನೆ, ಏಕೆಂದರೆ ತೂಕ ಒಟ್ಟು ನಷ್ಟವನ್ನು ಹೇಳುತ್ತದೆಯೇ ಹೊರತು ಜಾಗವನ್ನು ಹೇಳುವುದಿಲ್ಲ. ಶುದ್ಧ ಮಾಡುವ ಮೊದಲೇ ತೂಗುವುದು ದಂಡ. ತುಕ್ಕು ಎಂದರೆ ಕಬ್ಬಿಣಕ್ಕೆ ಆಮ್ಲಜನಕವೂ ನೀರೂ ಸೇರಿದ್ದು. ಅದೆಲ್ಲ ಮೈಮೇಲೆ ಇದ್ದಾಗ ಸತ್ತ ಡ್ರಮ್ ಹೊಸದಕ್ಕಿಂತ ಭಾರ ತೂಗುತ್ತದೆ.

ಶುದ್ಧ ಮಾಡುವುದರಲ್ಲಿಯೇ ನನ್ನ ದುಡ್ಡು ಹೆಚ್ಚು ಹೋಯಿತು. ಮೊದಲು ಗಾಳಿಯ ಒತ್ತಡದಿಂದ ಮರಳು ಹೊಡೆಸಿದೆ. ಆರು ಸಾವಿರದ ಹತ್ತಿರ ತೆಗೆದುಕೊಂಡ ಗುತ್ತಿಗೆದಾರ ಬ್ಲಾಕಿನ ಎಣ್ಣೆ ದಾರಿಗಳನ್ನು ಮುಚ್ಚದೆ ಹೊಡೆದಿದ್ದ. ಅದರೊಳಗಿನ ಮರಳು ತೆಗೆಯಲು ಪ್ಲಗ್‌ಗಳನ್ನೆಲ್ಲ ಕೊರೆಯಬೇಕಾಯಿತು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಮರಳಿನ ಹೊಡೆತಕ್ಕೆ ಮೇಲ್ಮೈ ಮಡಚಿಕೊಂಡು ಸಣ್ಣ ಬಿರುಕುಗಳ ಬಾಯಿ ಮುಚ್ಚುತ್ತದೆ, ಆಮೇಲೆ ಪರೀಕ್ಷೆಯಲ್ಲಿ ಅವು ಕಾಣುವುದಿಲ್ಲ. ಬಾತ್‌ರೂಮ್ ತೊಳೆಯುವ ಆಸಿಡ್ ಅಗ್ಗ, ವೇಗವೂ ಹೌದು, ಆದರೆ ತೆಗೆದ ಅರ್ಧ ಗಂಟೆಯಲ್ಲಿ ಹೊಸ ತುಕ್ಕು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದರ ಹೊಗೆಗೆ ಶೆಡ್ಡಿನ ಉಳಿದ ಉಪಕರಣಗಳೂ ತುಕ್ಕು ಹಿಡಿಯುತ್ತವೆ. ಅದರಲ್ಲಿ ಅದ್ದಿದ ಕ್ಲಚ್ ಸ್ಪ್ರಿಂಗ್‌ಗಳಲ್ಲಿ ಎರಡು, ಹಾಕುವಾಗಲೇ ಟಕ್ಕೆಂದು ಮುರಿದವು. ಗಟ್ಟಿ ಉಕ್ಕಿನೊಳಗೆ ಹೈಡ್ರೋಜನ್ ಹೊಕ್ಕರೆ ಹೀಗಾಗುತ್ತದೆ.

ಕಡೆಗೆ ಕೈ ಹಿಡಿದದ್ದು ಬೆಲ್ಲ. ಬೇರೆ ದೇಶಗಳಲ್ಲಿ ಹಳೆಯ ಗಾಡಿಯವರು ಕಾಕಂಬಿಯಲ್ಲಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕರಿ ಪಾಕದಲ್ಲಿ) ಅದ್ದುತ್ತಾರೆ. ನಮ್ಮ ಸುತ್ತ ಇಷ್ಟೊಂದು ಸಕ್ಕರೆ ಕಾರ್ಖಾನೆಗಳಿದ್ದರೂ ಕಾಕಂಬಿ ಅಬಕಾರಿ ಇಲಾಖೆಯ ಲೆಕ್ಕದ ಸರಕು, ಡ್ರಮ್ ತುಂಬಿಸಿಕೊಂಡು ಬರಲು ಆಗುವುದಿಲ್ಲ. ಕಲಂಕಾರಿ ಬಟ್ಟೆಯ ಕಪ್ಪು ಬಣ್ಣವನ್ನು ಬೆಲ್ಲದ ನೀರಿನಲ್ಲಿ ತುಕ್ಕು ಕಬ್ಬಿಣ ಕೊಳೆಹಾಕಿಯೇ ಮಾಡುತ್ತಾರೆ. ಬೆಲ್ಲದ ನೀರು ಹುಳಿತು ಕಬ್ಬಿಣದ ತುಕ್ಕನ್ನು ಕರಗಿಸುತ್ತದೆ ಎಂದಾದರೆ ನನಗೆ ಬೇಕಾದದ್ದೂ ಅಷ್ಟೇ. ಮಹಾಲಿಂಗಪುರದ ಬೆಲ್ಲದ ಪೇಟೆಯಿಂದ ತಿನ್ನಲು ಬಾರದ ಕರಿ ಬೆಲ್ಲ ತರಿಸಿದೆ. ಕಿಲೋಗೆ ಇಪ್ಪತ್ತರ ಮೇಲೆ ಇಪ್ಪತ್ತೈದರ ಒಳಗೆ ಬಿದ್ದ ನೆನಪು. ಇನ್ನೂರು ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿಗೆ ಒಂದು ಪಾಲು ಬೆಲ್ಲಕ್ಕೆ ಒಂಬತ್ತು ಪಾಲು ನೀರಿನ ಲೆಕ್ಕ. ಬೇಸಿಗೆಯಲ್ಲಿ ಎರಡು ವಾರ ಸಾಕು, ಚಳಿಗಾಲದಲ್ಲಿ ಅದರ ದುಪ್ಪಟ್ಟು. ಮೂರು ನಾಲ್ಕು ದಿನಕ್ಕೊಮ್ಮೆ ಎತ್ತಿ ನೀರಿನಿಂದ ಬಡಿದು ತೊಳೆದು ಮತ್ತೆ ಇಳಿಸಬೇಕು. ಹುದುಗು ಬೇಗ ಹಿಡಿಯಲು ನಾನು ಇನ್ನೊಂದು ವಸ್ತು ಸೇರಿಸುತ್ತೇನೆ. ಅದನ್ನು ಕಂಡುಕೊಳ್ಳಲು ನನಗೆ ಎರಡು ಬೇಸಿಗೆ ಹಿಡಿದವು, ಇಲ್ಲಿ ಹೇಳುವುದಿಲ್ಲ.

ಶೆಡ್ಡಿನಲ್ಲಿ ಬೆಲ್ಲ ಹುಳಿಯುವ ವಾಸನೆ ಎಂದರೆ ಊರಿನವರಿಗೆ ಏನು ನೆನಪಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಯಾರೋ ಕಳ್ಳಭಟ್ಟಿ ಎಂದು ಚಾಡಿ ಹೇಳಿದ್ದರು. ನೋಡಲು ಬಂದ ಪೇದೆ ಡ್ರಮ್ಮಿನೊಳಗೆ ಕೋಲು ಹಾಕಿ ತಿರುವಿದಾಗ ಟ್ರಾನ್ಸ್‌ಫರ್ ಕೇಸ್ ಖಣಖಣ ಎಂದಿತು. “ಇದನ್ನು ಯಾರು ಕುಡಿಯುತ್ತಾರೆ ಕಾಕಾ?” ಎಂದು ಕೇಳಿ, ನಕ್ಕು ಹೋದರು. ಇರುವೆ, ಜೇನು, ಹೆಗ್ಗಣಗಳ ಕಾಟ ಮಾತ್ರ ಇಂದಿಗೂ ಇದೆ.

ಎಚ್ಚರಿಕೆ ಎರಡೇ. ಅಲ್ಯೂಮಿನಿಯಂ, ಕಾರ್ಬ್ಯುರೇಟರಿನ ಸತುವಿನ ದೇಹ ಇವನ್ನು ಆ ಡ್ರಮ್ಮಿನ ಹತ್ತಿರವೂ ತರಬೇಡಿ. ಬೀಡನ್ನೂ ಮರೆತು ಬಿಟ್ಟರೆ ಮೇಲ್ಮೈಯ ಕಬ್ಬಿಣ ಕರಗಿ ಕರಿ ಗ್ರಾಫೈಟ್ ಉಳಿಯುತ್ತದೆ. ಹೊರತೆಗೆದ ಮೇಲೆ ಸೋಡಾ ನೀರಿನಲ್ಲಿ ತೊಳೆದು, ಬಿಸಿ ಮಾಡಿ ಒಣಗಿಸಿ, ಕೂಡಲೇ ಎಣ್ಣೆ ಹಚ್ಚಬೇಕು. ಬೆಳಗಾವಿಯ ಜುಲೈ ತಿಂಗಳಿನಲ್ಲಿ ‘ನಾಳೆ ಹಚ್ಚೋಣ’ ಎಂಬುದೇ ಇಲ್ಲ. ಹುಣಸೆ ಹಣ್ಣನ್ನೂ ಮಜ್ಜಿಗೆಯನ್ನೂ ಬೇರೆ ಬೇರೆ ಬಕೆಟ್‌ಗಳಲ್ಲಿ ಪ್ರಯತ್ನಿಸಿದೆ. ಹುಣಸೆ ನಟ್ಟು ಬೋಲ್ಟುಗಳಿಗೆ ಒಳ್ಳೆಯದು, ದೊಡ್ಡ ಭಾಗಕ್ಕೆ ಬೆಲೆ ಹೊಂದುವುದಿಲ್ಲ. ಮಜ್ಜಿಗೆಯ ವಿಷಯ ಬಿಡಿ, ಮನೆಯಲ್ಲಿ ಊಟ ಹಾಕಲಿಲ್ಲ. ಪೆಡಲ್ ಬ್ರಾಕೆಟ್, ತಗಡಿನ ಸಣ್ಣ ತುಂಡುಗಳಿಗೆ ಬಟ್ಟೆ ಸೋಡಾ ಮತ್ತು ಬ್ಯಾಟರಿ ಚಾರ್ಜರ್ ಸಾಕು. ಮೈನಸ್ ತುದಿ ಭಾಗಕ್ಕೆ, ಪ್ಲಸ್ ತುದಿ ಬೇಡವಾದ ಕಬ್ಬಿಣಕ್ಕೆ. ಅಲ್ಲಿ ಸ್ಟೀಲ್ ತಟ್ಟೆ ಕಟ್ಟುವವರಿದ್ದಾರೆ. ಅದರಿಂದ ನೀರಿಗೆ ಇಳಿಯುವ ಕ್ರೋಮಿಯಂ ವಿಷ, ಬೇಡ.

ಶುದ್ಧವಾದ ಮೇಲೆ ಬಿರುಕಿನ ಪರೀಕ್ಷೆ. ಭಾಗವನ್ನು ಹಗ್ಗಕ್ಕೆ ನೇತುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟುತ್ತೇನೆ. ಸದ್ದು ಎಳೆದು ನಿಂತರೆ ಸರಿ, ಮೊಂಡಾದರೆ ಅನುಮಾನ. ಅನುಮಾನವಿದ್ದರೆ ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ಮುಳುಗಿಸಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿದು ಕಾಯುತ್ತೇನೆ. ಬಿರುಕಿದ್ದಲ್ಲಿ ಒದ್ದೆ ಗೆರೆ ಮೂಡುತ್ತದೆ. ವಿಲ್ಲೀಸ್ ಬ್ಲಾಕಿನಲ್ಲಿ ಮೊದಲು ನೋಡಬೇಕಾದ ಜಾಗ ಎಕ್ಸಾಸ್ಟ್ ವಾಲ್ವ್ ಸೀಟಿಗೂ ಬೋರಿಗೂ (ಪಿಸ್ಟನ್ ಓಡಾಡುವ ಕೊಳವೆಗೂ) ನಡುವಿನ ಇಕ್ಕಟ್ಟು. ಘಾಟಿನಲ್ಲಿ ಕುದಿಯುವ ಎಂಜಿನ್‌ಗೆ ತಣ್ಣೀರು ಸುರಿದವರ ಪಾಪ ಅಲ್ಲಿ ಬರೆದಿರುತ್ತದೆ. ದುಡ್ಡಿದ್ದವರು ಕೆಂಪು ಬಣ್ಣದ ಪೆನೆಟ್ರಂಟ್ ಸ್ಪ್ರೇ ಬಳಸಲಿ. ನನ್ನ ಬ್ಲಾಕಿಗೆ ಎರಡನ್ನೂ ಮಾಡಿದೆ, ಒಂದೇ ಉತ್ತರ ಬಂದಿತು.

ಬೋರ್ ವಿಷಯದಲ್ಲಿ ಲೆಕ್ಕ ಸರಳ. ಈ ಎಂಜಿನ್ನಿನ ಬೋರ್ ಮೂರೂಕಾಲಿಗೆ ಅರೆಪಾಲು ಕಡಿಮೆ, ಅಂದರೆ ಮೂರು ಇಂಚಿನ ಮೇಲೆ ಎಂಟನೇ ಒಂದು. 40 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಓವರ್‌ಸೈಜ್ ಹೊಡೆದರೆ ಗೋಡೆಯಿಂದ ಹೋಗುವುದು 20 ಥೌ, ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಗುಳಿ ಅದಕ್ಕಿಂತ ಆಳವಿದ್ದರೆ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ), ಇಲ್ಲದಿದ್ದರೆ ಬೋರಿಂಗ್ (ಕೊರೆದು ಅಗಲಿಸುವುದು). ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ವಾಲ್ವ್ ತೆರೆದೇ ಉಳಿದ ಸಿಲಿಂಡರ್‌ಗಳು ಮಾತ್ರ ಹೆಚ್ಚು ಕೆಡುತ್ತವೆ. ನನ್ನದರಲ್ಲಿ ಎರಡು ಕೆಟ್ಟಿದ್ದವು. ನಾಲ್ಕಕ್ಕೂ ಸ್ಲೀವ್ ಹಾಕಿಸಲೇಬೇಕೆಂದು ಮಷಿನ್ ಶಾಪಿನವರು ಹಟ ಹಿಡಿದರು. ನಾನು ಎರಡಕ್ಕೇ ಹಾಕಿಸಿ ಎಲ್ಲವನ್ನೂ ಒಂದೇ ಅಳತೆಗೆ ತರಿಸಿದೆ. ಮೂರೂವರೆ ಸಾವಿರ ಉಳಿಯಿತು. ಬೇರೆ ಬ್ಲಾಕ್ ಕೊಳ್ಳಲು ಹೋಗಿದ್ದರೆ ನಲವತ್ತು ಸಾವಿರ ಕೇಳುತ್ತಿದ್ದರು, ಅದೂ ಗ್ಯಾರಂಟಿ ಇಲ್ಲದೆ. ಬ್ರೇಕ್ ಡ್ರಮ್ ವ್ಯಾಸದಲ್ಲಿ 60 ಥೌ ದಾಟಿ ನಾನು ತಿರುವಿಸುವುದಿಲ್ಲ.

ಪರೀಕ್ಷೆಯೇ ಇಲ್ಲದೆ ಎಸೆಯುವ ಭಾಗಗಳೂ ಇವೆ. ಗುಳಿ ಬಿದ್ದ ಟೈ ರಾಡ್, ಡ್ರ್ಯಾಗ್ ಲಿಂಕ್, ಸ್ಟೀರಿಂಗ್ ತೋಳು, ಎಲ್ಲ ಬಗೆಯ ಸ್ಪ್ರಿಂಗ್. ಇವನ್ನು ಗ್ಯಾಸ್ ಕಟರ್‌ನಿಂದ ಎರಡು ತುಂಡು ಮಾಡಿಯೇ ಗುಜರಿಗೆ ಕೊಡುತ್ತೇನೆ, ಇಲ್ಲದಿದ್ದರೆ ವಾರದೊಳಗೆ ಬಣ್ಣ ಬಳಿದುಕೊಂಡು ಬೇರೊಬ್ಬರ ಗಾಡಿ ಸೇರುತ್ತವೆ. ಬೇರಿಂಗ್ ಎಸೆಯುವ ಮೊದಲು ಉಜ್ಜಿ ನಂಬರ್ ಓದಿಕೊಳ್ಳಿ. ಮುಂದಿನ ಚಕ್ರದ ಕೋನ್ 18590, ಕಪ್ 18520, ಎರಡೂ ಇಂದಿಗೂ ಅಂಗಡಿಯಲ್ಲಿ ಸಿಗುತ್ತವೆ. ಅಮೆರಿಕದಲ್ಲಿ ಸಿಜೆ-3ಬಿ 1968ರಲ್ಲಿ ನಿಂತರೂ ನಮ್ಮಲ್ಲಿ ಮಹೀಂದ್ರಾ ಮುಂದುವರಿಸಿದ್ದರಿಂದ ಇಂಥ ಅನುಕೂಲ ಇದೆ. ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇಟ್ಟುಕೊಂಡವರು ಈ ಸಾಲನ್ನು ಓದಿ ಹೊಟ್ಟೆ ಉರಿಸಿಕೊಳ್ಳಬಹುದು.

ಭಾಗ ಎಲ್ಲಿಂದ ಬಂತು ಎಂದೂ ಕೇಳಿ. ಇಂಡಿ, ಸಿಂದಗಿ ಕಡೆಯ ಗಾಡಿಗಳ ತುಕ್ಕು ಒಣ ತುಕ್ಕು, ಮೇಲ್ಮೈಯದ್ದು. ಆದರೆ ಎರೆಮಣ್ಣಿನಲ್ಲಿ ಹೂತುಹೋದ ಭಾಗವನ್ನು ಮುಟ್ಟಬೇಡಿ, ಆ ಮಣ್ಣು ನೀರು ಬಿಡುವುದಿಲ್ಲ. ಗೋವಾ, ಕಾರವಾರದ ಗಾಡಿಯಾದರೆ ಗುಳಿಯೊಳಗೆ ಉಪ್ಪು ಕುಳಿತಿರುತ್ತದೆ. ಎಷ್ಟು ಚೆನ್ನಾಗಿ ಬಣ್ಣ ಹೊಡೆದರೂ ಆರು ತಿಂಗಳಿಗೆ ಕೆಳಗಿನಿಂದ ಉಬ್ಬುತ್ತದೆ. ಅಂಥದ್ದಕ್ಕೆ ನಾನು ಅರ್ಧ ಬೆಲೆಗಿಂತ ಹೆಚ್ಚು ಕೊಡುವುದಿಲ್ಲ.

ಇನ್ನು ನನ್ನ ಮೂರನೆಯ ರಾಶಿ. ಎಲ್ಲರೂ ಎರಡೇ ರಾಶಿ ಮಾಡುತ್ತಾರೆ: ಬಳಸುವುದು, ಎಸೆಯುವುದು. ಬೆಳಗಾವಿಯಲ್ಲಿ ಕುಳಿತು ಹಾಗೆ ಮಾಡುವುದು ದಡ್ಡತನ, ಸುತ್ತಲೂ ಫೌಂಡ್ರಿಗಳಿವೆ. ಬಳಕೆಗೆ ಬಾರದ ಭಾಗವೂ ಎರಕಕ್ಕೆ ಮಾದರಿಯಾಗುತ್ತದೆ. ಈ ಜೀಪಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ತೂಕದಲ್ಲಿ ಕಾಲು ಭಾಗ ಕಳೆದುಕೊಂಡಿತ್ತು, ತೂತುಗಳೂ ಬಿದ್ದಿದ್ದವು. ಪ್ಯಾಟರ್ನ್ (ಎರಕಕ್ಕೆ ಬೇಕಾದ ಮರದ ಮಾದರಿ) ಮಾಡುವ ಹಿರಿಯರ ಹತ್ತಿರ ಒಯ್ದು, “ಕಾಕಾ, ಇದರಿಂದ ಅಳತೆ ಸಿಗುತ್ತದೆಯೇ?” ಎಂದೆ.

“ಅಳತೆ ಸಿಗುತ್ತದೆ ತಮ್ಮಾ, ಆದರೆ ತೂತು ಬಿದ್ದ ಕಡೆ ನೀನೇ ಮೆತ್ತಿ ತುಂಬಿಸಿಕೊಂಡು ಬಾ. ಇದ್ದಂತೆ ಕೊಟ್ಟರೆ ತೂತನ್ನೂ ಎರಕ ಹೊಯ್ಯುತ್ತಾರೆ.”

ಪುಟ್ಟಿ ಮೆತ್ತಿ ಕೊಟ್ಟೆ. ಬೀಡು ತಣಿಯುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಹಳೆಯದನ್ನೇ ಮರಳಿನಲ್ಲಿ ಒತ್ತಿದರೆ ಬೋಲ್ಟಿನ ತೂತುಗಳು ಕೂಡುವುದಿಲ್ಲ. ಆದ್ದರಿಂದ ಕಾಕಾ ಕುಗ್ಗುವಿಕೆ, ಮಷಿನಿಂಗ್ ಎರಡಕ್ಕೂ ಸೇರಿಸಿ ಮರದಲ್ಲಿ ಹೊಸದಾಗಿ ಕೆತ್ತಿದರು. ಪ್ಯಾಟರ್ನ್, ಕೋರ್ ಬಾಕ್ಸ್ (ಒಳಗೆ ಟೊಳ್ಳು ಬಿಡಲು ಇಡುವ ಮರಳಿನ ಕೋರ್‌ನ ಅಚ್ಚು) ಸೇರಿ ಹದಿನಾರು ಸಾವಿರದ ಸುಮಾರು ಆಯಿತು. ಮನೆಯಲ್ಲಿ ಮತ್ತೆ ಮಜ್ಜಿಗೆ ದಿನಗಳ ಮುಖ. ಮೊದಲ ಎರಕದಲ್ಲಿ ಕೋರ್ ಸರಿದು ಒಂದು ಗೋಡೆ ಕಾಗದದಷ್ಟು ತೆಳುವಾಯಿತು, ಎರಡನೆಯದರಲ್ಲಿ ಗಾಳಿ ಗುಳ್ಳೆ. ಮೂರನೆಯದು ಕುಳಿತಿತು. ಪ್ಯಾಟರ್ನ್ ಹೇಗೂ ಇತ್ತು, ಒಂದೊಂದಕ್ಕೆ ಮೂರು ಸಾವಿರದಂತೆ ಇನ್ನೂ ಆರು ಹೊಯ್ಯಿಸಿದೆ. ಐದನ್ನು ಕೊಲ್ಹಾಪುರ, ಹುಬ್ಬಳ್ಳಿ ಕಡೆಯ ಜೀಪಿನವರು ತಲಾ ಎಂಟು ಸಾವಿರಕ್ಕೆ ಒಯ್ದರು. ಪ್ಯಾಟರ್ನಿನ ಖರ್ಚು ಹೋಗಿ ಸ್ಲೀವಿನ ದುಡ್ಡೂ ಬಂದಿತು. ಇನ್ನೊಂದು ಉಳಿದಿದೆ. ಬೆಲೆ ಎಂಟೇ ಸಾವಿರ, ಚೌಕಾಸಿ ಇಲ್ಲ.